ತೋಟಾ ಕಟ್ಟುವ ಉಪಕರಣ ಮುರಿದರೆ: ಅಮೆರಿಕಕ್ಕೆ ಹೊಸದಾಗಿ ಬಂದವರಿಗೆ ವಾರಂಟಿಯ ದಾರಿ

ಬಂದೂಕಿನ ತೋಟಾ ಕಟ್ಟುವ ಪ್ರೆಸ್ ಎಂಬ ಕೈಯಂತ್ರದ ಹಿಡಿ ಮುರಿದರೆ, ಅದಕ್ಕೆ ಹಾಕುವ ಡೈ ಎಂಬ ಅಚ್ಚಿನೊಳಗಿನ ಪಿನ್ನು ತುಂಡಾದರೆ, ಸಿಡಿಮದ್ದು ತೂಗುವ ತಕ್ಕಡಿ ತೂಕ ತಪ್ಪಿದರೆ ಅಂಗಡಿಗೆ ಓಡಬೇಡಿ, ಹೊಸದಕ್ಕೆ ಹಣವನ್ನೂ ಸುರಿಯಬೇಡಿ. ಅದನ್ನು ತಯಾರಿಸಿದ ಕಂಪನಿಗೆ ನೇರವಾಗಿ ಹೇಳಿ, ಬೇಕಾದ ಭಾಗವನ್ನು ಹೆಸರು ಹಿಡಿದು ಕೇಳಿ. ರೀಲೋಡಿಂಗ್, ಅಂದರೆ ಹಾರಿಸಿದ ತೋಟಾವನ್ನು ಮತ್ತೆ ಕಟ್ಟುವ ಕೆಲಸಕ್ಕೆ ಉಪಕರಣ ತಯಾರಿಸುವ ಅಮೆರಿಕದ ಹಳೆಯ ಕಂಪನಿಗಳು ತಮ್ಮ ಗ್ರಾಹಕರನ್ನು ದಶಕಗಳ ಕಾಲ ಉಳಿಸಿಕೊಂಡದ್ದೇ ಹೀಗೆ ಕೇಳಿದವರಿಗೆ ಸ್ಪಂದಿಸಿ. ಆದರೆ ನಮ್ಮವರು ಕೇಳುವುದಿಲ್ಲ. ಬಿಲ್ಲು ಕಳೆದುಹೋಗಿದೆ, ವಾರಂಟಿ ಕಾರ್ಡಿಗೆ ಅಂಗಡಿಯ ಮುದ್ರೆ ಇಲ್ಲ, ನನ್ನ ಇಂಗ್ಲಿಷ್ ಅವರಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ಸುಮ್ಮನಾಗುತ್ತಾರೆ. ಕೆಟ್ಟ ಉಪಕರಣ ಗ್ಯಾರೇಜಿನ ಮೂಲೆ ಸೇರುತ್ತದೆ. ಇದು ನನಗೆ ನಿಜಕ್ಕೂ ಬೇಸರ ತರುವ ಸಂಗತಿ, ಅದಕ್ಕಾಗಿಯೇ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ.

ಕೊಡಗಿನಿಂದ, ಮಲೆನಾಡಿನಿಂದ ಬಂದವರಿಗೆ ಕೋವಿ ಹೊಸದಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ಸಲ್ಲಿಸಿ ತೆಂಗಿನಕಾಯಿಗೆ ಗುರಿ ಇಟ್ಟವರು ಇಲ್ಲಿನ ಗುರಿ ಅಭ್ಯಾಸದ ರೇಂಜಿನಲ್ಲಿ ಬೇಗ ಹೊಂದಿಕೊಳ್ಳುತ್ತಾರೆ. ಬೆಂಗಳೂರಿನಿಂದ ಬಂದು ಇಲ್ಲಿಯೇ ಮೊದಲ ಸಲ ಗುರಿ ಹಿಡಿದವರೂ ನಮ್ಮಲ್ಲಿದ್ದಾರೆ. ಅಭ್ಯಾಸ ಹೆಚ್ಚಿದಂತೆ ತೋಟಾದ ಖರ್ಚೂ ಏರುತ್ತದೆ. ಆಗ ಹಾರಿಸಿದ ತೋಟಾದ ಹಿತ್ತಾಳೆ ಕೇಸನ್ನು (ಹೊರಕವಚವನ್ನು) ಆರಿಸಿ, ಹೊಸ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಸಣ್ಣ ಬಿಲ್ಲೆ), ಮದ್ದು, ಗುಂಡು ಸೇರಿಸಿ ಮತ್ತೆ ಕಟ್ಟುವ ಹವ್ಯಾಸಕ್ಕೆ ಬರುತ್ತಾರೆ.

ವಾರಂಟಿಗಿಂತ ಮೊದಲು ವೀಸಾದ ಮಾತು ಆಗಬೇಕು. ಎಚ್-1ಬಿ, ಎಲ್-1, ಎಫ್-1 ಮತ್ತು ಅವಲಂಬಿತರ ವೀಸಾಗಳೆಲ್ಲ ವಲಸೆಯೇತರ ವೀಸಾಗಳು. ಇವುಗಳಲ್ಲಿ ಬಂದವರು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಹೊಂದುವುದನ್ನು ಅಮೆರಿಕದ ಕೇಂದ್ರ ಕಾನೂನು ನಿಷೇಧಿಸುತ್ತದೆ. ರಾಜ್ಯವೊಂದರ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಪಡೆದವರಿಗೆ ಅದೇ ಕಾನೂನಿನಲ್ಲಿ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ನಿಷೇಧ ಅನ್ವಯಿಸುವುದಿಲ್ಲ. ನಮ್ಮವರು ಎಡವುವ ಜಾಗ ಬೇರೆಯೇ ಇದೆ. ಈ ಕಾನೂನಿನ ಪ್ರಕಾರ ಮದ್ದುಗುಂಡು ಎಂದರೆ ಕಟ್ಟಿದ ತೋಟಾ ಮಾತ್ರವಲ್ಲ. ಖಾಲಿ ಕೇಸು, ಪ್ರೈಮರ್, ಗುಂಡು, ಮದ್ದು ಇವು ಒಂದೊಂದೂ ಮದ್ದುಗುಂಡೇ. ಅಂದರೆ ಬಂದೂಕೇ ಇಲ್ಲದೆ ಮನೆಯಲ್ಲಿ ಬರೀ ಹಿತ್ತಾಳೆ ಕೇಸುಗಳ ಚೀಲ ಇಟ್ಟುಕೊಂಡರೂ ವಿನಾಯಿತಿ ಇಲ್ಲದವನು ಅಪರಾಧಿಯಾಗಬಹುದು. 2022ರ ತಿದ್ದುಪಡಿಯ ನಂತರ ಇದಕ್ಕೆ 15 ವರ್ಷದ ವರೆಗೆ ಸೆರೆವಾಸವಿದೆ, ಗಡೀಪಾರಿಗೂ ಇದು ಕಾರಣವಾಗುತ್ತದೆ. ಗೆಳೆಯರ ಮಾತು ನಂಬಿ ಮುಂದುವರಿಯಬೇಡಿ. ವಲಸೆ ಕಾನೂನು ಬಲ್ಲ ವಕೀಲರನ್ನು ಒಮ್ಮೆ ಕೇಳಿ, ರಾಜ್ಯದ ಕಾನೂನನ್ನೂ ಅವರಿಂದಲೇ ತಿಳಿದುಕೊಳ್ಳಿ, ಆಮೇಲೆ ತೋಟಾ ಕಟ್ಟುವ ಬೆಂಚು ಹಾಕಿ.

ಇನ್ನು ಉಪಕರಣದ ವಿಷಯ. ಮುರಿದದ್ದು ಏಕೆ ಮುರಿಯಿತು ಎಂಬುದನ್ನು ನೀವೇ ಮೊದಲು ನೋಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಅತಿ ಹೆಚ್ಚು ಮುರಿಯುವುದು ಹಳೆಯ ಪ್ರೈಮರ್ ತಳ್ಳಿ ಹೊರಹಾಕುವ ಪಿನ್ನು. ಇಲ್ಲಿ ತಯಾರಾಗುವ ಹೆಚ್ಚಿನ ಕೇಸುಗಳ ತಳದಲ್ಲಿ ನಡುವೆ ಒಂದೇ ತೂತು ಇರುತ್ತದೆ, ಪಿನ್ನು ಅದರೊಳಗೆ ಸಲೀಸಾಗಿ ಇಳಿಯುತ್ತದೆ. ಹೊರದೇಶಗಳಿಂದ ಬರುವ ಹಳೆಯ ಸೇನಾ ತೋಟಾಗಳಲ್ಲಿ ಹಲವು ಬರ್ಡನ್ ಪದ್ಧತಿಯವು. ಅವುಗಳಿಗೆ ನಡುವೆ ತೂತಿಲ್ಲ, ಪಕ್ಕದಲ್ಲಿ ಎರಡು ಸಣ್ಣ ತೂತುಗಳಿರುತ್ತವೆ. ಪಿನ್ನು ಗಟ್ಟಿ ಲೋಹಕ್ಕೆ ಬಡಿದು ತುಂಡಾಗುತ್ತದೆ. ರೇಂಜಿನ ನೆಲದಿಂದ ಆರಿಸಿದ ಕೇಸಿನೊಳಗೆ ಸಿಕ್ಕಿಕೊಂಡ ಸಣ್ಣ ಕಲ್ಲು ಕೂಡ ಇದೇ ಕೆಲಸ ಮಾಡುತ್ತದೆ. ಕೇಸನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿ ನೋಡುವ ಅಭ್ಯಾಸವಿದ್ದರೆ ಪಿನ್ನಿನ ಆಯುಷ್ಯ ಹೆಚ್ಚುತ್ತದೆ. ಎಣ್ಣೆ ಸಾಲದೆ ಡೈಯೊಳಗೆ ಕೇಸು ಕಚ್ಚಿಕೊಳ್ಳುವುದು ಇನ್ನೊಂದು ಸಾಮಾನ್ಯ ತೊಂದರೆ. ಇದು ಉಪಕರಣದ ದೋಷವಲ್ಲ. ಆದರೂ ಹಲವು ತಯಾರಕರು ಡೈಯನ್ನು ಕಳಿಸಿದರೆ ಕೇಸು ಬಿಡಿಸಿ ಹಿಂದಿರುಗಿಸುತ್ತಾರೆ; ಮನೆಯಲ್ಲೇ ಬಿಡಿಸಲು ಸಣ್ಣ ಕಿಟ್ ಕೂಡ ಸಿಗುತ್ತದೆ.

ಎಲೆಕ್ಟ್ರಾನಿಕ್ ತಕ್ಕಡಿ ಕೆಟ್ಟಿದೆ ಎಂದು ದೂರುವ ಮುನ್ನ ಬ್ಯಾಟರಿ ಬದಲಿಸಿ, ಮೊಬೈಲನ್ನು ದೂರವಿಡಿ, ಫ್ಯಾನಿನ ಗಾಳಿ ತಾಗದಂತೆ ನೋಡಿ, ಜೊತೆಗೆ ಬಂದ ತೂಕದ ಬೊಟ್ಟಿನಿಂದ ಪರೀಕ್ಷಿಸಿ. ಇಷ್ಟಾದ ಮೇಲೂ ಅಂಕಿ ಅಲುಗುತ್ತಿದ್ದರೆ ಅದರಲ್ಲಿ ಮದ್ದು ತೂಗಬೇಡಿ. ಒಂದು ಚಿಟಿಕೆ ಹೆಚ್ಚಾದರೂ ಬಂದೂಕು ಕೈಯಲ್ಲೇ ಸಿಡಿಯಬಹುದು. ಪ್ರೆಸ್‌ನ ಚೌಕಟ್ಟಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಆ ದಿನದ ಕೆಲಸ ಅಲ್ಲಿಗೇ ನಿಲ್ಲಬೇಕು. ವಾರಂಟಿಯ ಉತ್ತರ ಬರುವ ತನಕ ‘ಇನ್ನೊಂದು ಐವತ್ತು ಕಟ್ಟಿಬಿಡೋಣ’ ಎನ್ನುವ ಆಸೆಯನ್ನು ದಯವಿಟ್ಟು ಬಿಡಿ.

ಎಲ್ಲ ಕಂಪನಿಗಳ ವಾರಂಟಿ ಒಂದೇ ಬಗೆಯದಲ್ಲ. ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ಬೆಳೆದ ಡಿಲ್ಲನ್ ಹೆಸರಾದದ್ದೇ ತನ್ನ ಜೀವಿತಾವಧಿ ವಾರಂಟಿಯಿಂದ. ನೀವು ಅದನ್ನು ಎರಡನೆಯ ಕೈಯಿಂದ ಕೊಂಡಿದ್ದರೂ ಅವರು ಲೆಕ್ಕಿಸುವುದಿಲ್ಲ. ಆದರೆ ಅದೇ ಕಂಪನಿ ತನ್ನ ದೊಡ್ಡ 1050 ಯಂತ್ರವನ್ನು ವಾಣಿಜ್ಯ ಬಳಕೆಯದೆಂದು ಪರಿಗಣಿಸಿ ಅದಕ್ಕೆ ಒಂದೇ ವರ್ಷದ ಭರವಸೆ ಕೊಟ್ಟಿತ್ತು. ವಿಸ್ಕಾನ್ಸಿನ್‌ನ ಹಾರ್ಟ್‌ಫರ್ಡ್‌ನಲ್ಲಿರುವ ಲೀ ಪ್ರಿಸಿಷನ್‌ನದು ಬಹುಕಾಲ ಬೇರೆ ಲೆಕ್ಕ: ಎರಡು ವರ್ಷದೊಳಗೆ ಸಾಮಾನ್ಯ ಬಳಕೆಯಲ್ಲಿ ಮುರಿದರೆ ಉಚಿತ, ಅದರಾಚೆ, ಈಗಲೂ ತಯಾರಾಗುತ್ತಿರುವ ಮಾದರಿಯಾದರೆ ಎಷ್ಟೇ ಹಳೆಯದಿರಲಿ, ಹೊಸದರ ಅರ್ಧ ಬೆಲೆ ಕಟ್ಟಿ ಕಾರ್ಖಾನೆಗೆ ಕಳಿಸಿದರೆ ಹೊಸದರಂತೆ ಮಾಡಿಕೊಡುವುದು. ಕಡಿಮೆ ಬೆಲೆಯ ಉಪಕರಣಕ್ಕೆ ಇದು ನ್ಯಾಯವಾದ ವ್ಯವಸ್ಥೆ ಎಂಬುದು ನನ್ನ ಅಭಿಪ್ರಾಯ. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೋವಿಲ್‌ನಲ್ಲಿ ಹುಟ್ಟಿದ ಆರ್‌ಸಿಬಿಎಸ್, ನೆಬ್ರಾಸ್ಕಾದ ಗ್ರ್ಯಾಂಡ್ ಐಲೆಂಡ್‌ನ ಹಾರ್ನಡಿ, ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲೆಂಡ್‌ನ ರೆಡ್ಡಿಂಗ್, 1878ರಷ್ಟು ಹಳೆಯ ಲೈಮನ್ ಇವೆಲ್ಲಕ್ಕೂ ಅವರವರದೇ ನಿಯಮಗಳಿವೆ. ಈ ವ್ಯಾಪಾರದಲ್ಲಿ ಕಂಪನಿಗಳು ಕೈ ಬದಲಾಯಿಸುವುದು ಮಾಮೂಲು, ಮಾಲೀಕರು ಬದಲಾದಂತೆ ನಿಯಮಗಳೂ ಬದಲಾಗಬಹುದು. ಆದ್ದರಿಂದ ಇಂದು ಚಾಲ್ತಿಯಲ್ಲಿರುವ ಷರತ್ತನ್ನೇ ಓದಿ. ಬಹುತೇಕ ಎಲ್ಲ ಕಡೆ ಎಲೆಕ್ಟ್ರಾನಿಕ್ ವಸ್ತುಗಳ ವಾರಂಟಿ ಕಬ್ಬಿಣದ ವಸ್ತುಗಳದ್ದಕ್ಕಿಂತ ಬಹಳ ಚಿಕ್ಕದು ಎಂಬುದು ನೆನಪಿರಲಿ. ಗನ್ ಶೋಗಳಲ್ಲಿ, ಮನೆ ಖಾಲಿ ಮಾಡುವವರ ಮಾರಾಟಗಳಲ್ಲಿ ಹಳೆಯ ಪ್ರೆಸ್ ಕೊಳ್ಳುವವರು, ವಾರಂಟಿ ಉಪಕರಣಕ್ಕೆ ಸೇರಿದ್ದೋ ಮೊದಲ ಖರೀದಿದಾರನಿಗೆ ಮಾತ್ರವೋ ಎಂಬುದನ್ನು ಹಣ ಕೊಡುವ ಮೊದಲೇ ತಿಳಿದುಕೊಳ್ಳಬೇಕು.

ನಿಮ್ಮ ಪರವಾಗಿ ಒಂದು ಕಾನೂನೂ ಇದೆ. 1975ರ ಮ್ಯಾಗ್ನುಸನ್-ಮಾಸ್ ವಾರಂಟಿ ಕಾಯ್ದೆಯ ಪ್ರಕಾರ ಬರವಣಿಗೆಯಲ್ಲಿ ಕೊಟ್ಟ ವಾರಂಟಿ ‘ಫುಲ್’ ಅಥವಾ ‘ಲಿಮಿಟೆಡ್’ ಎಂದು ಸ್ಪಷ್ಟವಾಗಿ ಹೇಳಿಕೊಳ್ಳಬೇಕು. 15 ಡಾಲರಿಗಿಂತ ಹೆಚ್ಚಿನ ವಸ್ತುವಿನ ವಾರಂಟಿ ಷರತ್ತುಗಳು ಕೊಳ್ಳುವ ಮೊದಲೇ ಓದಲು ಸಿಗಬೇಕು. ನಮ್ಮದೇ ಬಿಡಿಭಾಗ ಬಳಸಿದರೆ ಮಾತ್ರ ವಾರಂಟಿ ಎಂದು ಕಟ್ಟುಹಾಕಲು, ಆ ಭಾಗವನ್ನು ಉಚಿತವಾಗಿ ಕೊಡದ ಹೊರತು, ಸಾಮಾನ್ಯವಾಗಿ ಅವಕಾಶವಿಲ್ಲ. ನಮ್ಮ ಹವ್ಯಾಸಕ್ಕೆ ಇದು ಮುಖ್ಯ, ಏಕೆಂದರೆ ಹೆಚ್ಚಿನ ಪ್ರೆಸ್‌ಗಳಲ್ಲಿ ಡೈ ತಿರುಗಿಸಿ ಕೂರಿಸುವ ಮರೆ (ಥ್ರೆಡ್) ಒಂದೇ ಅಳತೆಯದು, ಒಂದು ಕಂಪನಿಯ ಪ್ರೆಸ್‌ಗೆ ಇನ್ನೊಂದು ಕಂಪನಿಯ ಡೈ ಕೂರುತ್ತದೆ. ಬೇರೆಯವರ ಡೈ ಹಾಕಿದ್ದೀರಿ ಎಂಬುದೊಂದೇ ಕಾರಣಕ್ಕೆ ಪ್ರೆಸ್‌ನ ವಾರಂಟಿ ಸತ್ತುಹೋಗುವುದಿಲ್ಲ. ಆ ಡೈಯಿಂದಲೇ ಪ್ರೆಸ್ ಕೆಟ್ಟಿತು ಎಂದು ತೋರಿಸುವ ಹೊಣೆ ಅವರದು. ‘ಈ ಚೀಟಿ ಕಿತ್ತರೆ ವಾರಂಟಿ ಇಲ್ಲ’ ಎಂಬ ಎಚ್ಚರಿಕೆಗಳ ಬಗ್ಗೆ ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಆರು ಕಂಪನಿಗಳಿಗೆ ಪತ್ರ ಬರೆದು ಎಚ್ಚರಿಸಿತ್ತು.

ಹಾಗೆಂದು ಮೊದಲ ಕರೆಯಲ್ಲೇ ಕಾನೂನಿನ ಹೆಸರು ಎತ್ತಬೇಡಿ, ಅದರ ಅಗತ್ಯ ಬೀಳುವುದೇ ಅಪರೂಪ. ಫೋನಿನ ಆ ತುದಿಯಲ್ಲಿ ಇರುವವರು ಬಹುಪಾಲು ತಾವೂ ಬೆಂಚಿನ ಮುಂದೆ ಕೂತು ತೋಟಾ ಕಟ್ಟಿದವರು. ನಿಜ ಹೇಳಿದರೆ ನಿಜವಾದ ಸಹಾಯ ಸಿಗುತ್ತದೆ. ಬರ್ಡನ್ ಕೇಸು ಗೊತ್ತಾಗದೆ ಹಾಕಿದೆ, ಪಿನ್ನು ಮುರಿಯಿತು ಎಂದರೆ ಮುಗಿಯಿತು. ಸುಳ್ಳು ಹೇಳಿ ಪಡೆಯುವಷ್ಟು ಬೆಲೆಯ ವಸ್ತುವೇ ಅಲ್ಲ ಅದು. ಕೆಲವರು ಉಚಿತವಾಗಿ ಕಳಿಸುತ್ತಾರೆ, ಕೆಲವರು ಒಂದೆರಡು ಡಾಲರ್ ಕೇಳುತ್ತಾರೆ. ಅವರ ಒಳ್ಳೆಯತನವನ್ನು ದುರುಪಯೋಗ ಮಾಡುವವರು ಹೆಚ್ಚಾದರೆ ಮುಂದೆ ಬರುವವರಿಗೆ ಆ ಬಾಗಿಲು ಮುಚ್ಚುತ್ತದೆ.

ಉಚ್ಚಾರಣೆಯ ಅಳುಕು ಇರುವವರು ಇಮೇಲ್ ಬರೆಯಿರಿ. ಮಾದರಿಯ ಹೆಸರು, ಸೀರಿಯಲ್ ಸಂಖ್ಯೆ ಇದ್ದರೆ ಅದು, ಕೈಪಿಡಿಯ ಬಿಡಿಭಾಗಗಳ ಚಿತ್ರದಲ್ಲಿ ಮುರಿದ ಭಾಗಕ್ಕೆ ಕೊಟ್ಟಿರುವ ಸಂಖ್ಯೆ, ಏನು ಮಾಡುವಾಗ ಮುರಿಯಿತು ಎಂಬ ಎರಡು ಸಾಲು, ನಿಮ್ಮ ವಿಳಾಸ ಇಷ್ಟು ಸಾಕು. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ಸ್ಕೇಲ್ ಇಡಿ. ಒಂದು ಚಿತ್ರ ದೂರದಿಂದ, ಒಂದು ಹತ್ತಿರದಿಂದ. ಅಪಾರ್ಟ್‌ಮೆಂಟ್ ಸಂಖ್ಯೆ ಬರೆಯಲು ಮರೆತ ಪೊಟ್ಟಣಗಳು ಹಿಂದಿರುಗಿ ಹೋಗುವುದು ನಮ್ಮವರಲ್ಲಿ ಆಗಾಗ ನಡೆಯುತ್ತದೆ. ಕರೆ ಮಾಡಿದರೆ ಭಾಗದ ಸಂಖ್ಯೆಯ ಅಕ್ಷರಗಳನ್ನು ಊರಿನ ಹೆಸರು ಜೋಡಿಸಿ ಹೇಳಿ: ಬಾಸ್ಟನ್‌ನ ಬಿ, ಡೆನ್ವರ್‌ನ ಡಿ, ಫೀನಿಕ್ಸ್‌ನ ಪಿ. ಮಾತಾಡಿದವರ ಹೆಸರನ್ನೂ ದಿನಾಂಕವನ್ನೂ ಬರೆದಿಟ್ಟುಕೊಳ್ಳಿ. 2020ರಲ್ಲಿ ಕೋವಿಡ್ ಬಂದಾಗ ಪ್ರೈಮರ್‌ಗಳೇ ಸಿಗದಂತಾಗಿ, ಹೊಸಬರು ಮುಗಿಬಿದ್ದು, ಕಂಪನಿಗಳ ಸಾಲು ಉದ್ದವಾಗಿತ್ತು. ಅಂತಹ ಕಾಲದಲ್ಲಿ ತಾಳ್ಮೆ ಬೇಕು. ಉತ್ತರ ತಡವಾಯಿತೆಂದು ಅದೇ ದೂರನ್ನು ಮೂರು ಕಡೆಯಿಂದ ಕಳಿಸಿದರೆ ಗೊಂದಲವೇ ಹೆಚ್ಚುತ್ತದೆ.

ಹೊಸಬರಿಗೆ ಅಚ್ಚರಿಯಾಗುವುದು ಇದು: ದುರಸ್ತಿಗೆ ಯಾರೂ ಮನೆಗೆ ಬರುವುದಿಲ್ಲ. ಅಂಚೆಯಲ್ಲಿ ಒಂದು ಸಣ್ಣ ಲಕೋಟೆ ಬರುತ್ತದೆ, ಅದರೊಳಗೆ ಭಾಗ ಇರುತ್ತದೆ, ಜೋಡಿಸಿಕೊಳ್ಳುವುದು ನಿಮ್ಮ ಕೆಲಸ. ಅಲೆನ್ ಕೀಲಿಗಳ ಒಂದು ಕಟ್ಟು, ಸ್ಪ್ಯಾನರ್, ಸಣ್ಣ ಸುತ್ತಿಗೆ ಮನೆಯಲ್ಲಿರಲಿ. ಇಲ್ಲಿನ ಅಳತೆಗಳು ಹೆಚ್ಚಾಗಿ ಇಂಚಿನವು. ಊರಿನಿಂದ ತಂದ ಮಿಲಿಮೀಟರ್ ಕೀಲಿ ಹಾಕಿ ತಿರುಗಿಸಿದರೆ ಸ್ಕ್ರೂವಿನ ತಲೆ ಸವೆದುಹೋಗುತ್ತದೆ.

ಇಡೀ ಉಪಕರಣವನ್ನೇ ಕಳಿಸಿ ಎಂದರೆ ಮೊದಲು ರಿಟರ್ನ್ ಸಂಖ್ಯೆ ಕೇಳಿ ಪಡೆಯಿರಿ, ಅದನ್ನು ಪೆಟ್ಟಿಗೆಯ ಹೊರಗೂ ಒಳಗಿನ ಚೀಟಿಯಲ್ಲೂ ಬರೆಯಿರಿ. ಆಮೇಲೆ ಬರುವ ಮಾತು ಈ ಇಡೀ ಬರಹದಲ್ಲಿ ಅತಿ ಮುಖ್ಯವಾದುದು. ಪೆಟ್ಟಿಗೆಯೊಳಗೆ ಒಂದೇ ಒಂದು ಪ್ರೈಮರ್, ಒಂದು ಕಾಳು ಮದ್ದು, ಕಟ್ಟಿದ ಒಂದು ತೋಟಾ ಕೂಡ ಹೋಗಬಾರದು. ಇವನ್ನು ಅಮೆರಿಕದ ಅಂಚೆಯಲ್ಲಿ ಕಳಿಸುವಂತೆಯೇ ಇಲ್ಲ. ಪ್ರೈಮರ್ ಕೊಳವೆಯೊಳಗೆ ಒಂದು ಸಿಕ್ಕಿಕೊಂಡಿದ್ದರೆ ಅದನ್ನು ಕಡ್ಡಿಯಿಂದ ಚುಚ್ಚಿ ತೆಗೆಯಲು ಹೋಗಬೇಡಿ, ಅದು ಒಳಗಿರುವಂತೆಯೇ ಪೊಟ್ಟಣವನ್ನೂ ಕಟ್ಟಬೇಡಿ. ಕಂಪನಿಗೆ ಕರೆ ಮಾಡಿ ಅವರು ಹೇಳಿದಂತೆ ನಡೆಯಿರಿ. ಡೈಯೊಳಗೆ ಕಚ್ಚಿಕೊಂಡ ಕೇಸಿನ ತಳದಲ್ಲಿ ಹಾರದ ಪ್ರೈಮರ್ ಇದ್ದರೂ ಇದೇ ಮಾತು. ಮದ್ದು ಅಳೆಯುವ ಡಬ್ಬಿಯನ್ನು ಖಾಲಿ ಮಾಡಿ ಒಣ ಬಟ್ಟೆಯಿಂದ ಒರೆಸಿ. ಹಾರಿದ ಪ್ರೈಮರ್‌ಗಳ ಕಪ್ಪು ಮಸಿಯಲ್ಲಿ ಸೀಸ ಇರುತ್ತದೆ, ಆದ್ದರಿಂದ ಇದನ್ನೆಲ್ಲ ಅಡುಗೆಮನೆಯ ಕಟ್ಟೆಯ ಮೇಲೆ ಮಾಡಬೇಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಕೈಯನ್ನು ಸೋಪಿನಿಂದ ತೊಳೆಯಿರಿ.

ಎರಕದ ಕಬ್ಬಿಣ ಸಡಿಲವಾಗಿ ಕೂತರೆ ದಾರಿಯಲ್ಲಿ ಪೆಟ್ಟಿಗೆಯನ್ನೇ ಒಡೆದು ಹೊರಬರುತ್ತದೆ. ಹಿಡಿಯನ್ನು ಬಿಚ್ಚಿ ಬೇರೆ ಸುತ್ತಿ, ಎಲ್ಲ ಮೂಲೆಗೂ ಗಟ್ಟಿಯಾಗಿ ತುರುಕಿ. ಅಂಚೆ ಇಲಾಖೆಯ ಫ್ಲಾಟ್ ರೇಟ್ ಪೆಟ್ಟಿಗೆಯಲ್ಲಿ ದೇಶದೊಳಗೆ 70 ಪೌಂಡ್ ತೂಕದ ವರೆಗೂ ಒಂದೇ ದರ, ಭಾರದ ಪ್ರೆಸ್‌ಗೆ ಇದು ಲಾಭ. ಕಳಿಸುವ ಖರ್ಚು ಹೆಚ್ಚಾಗಿ ನಿಮ್ಮದೇ. ಟ್ರ್ಯಾಕಿಂಗ್ ಸಂಖ್ಯೆ ಇಟ್ಟುಕೊಳ್ಳಿ.

ಕೊಂಡ ಹೊಸತರಲ್ಲೇ ಕೆಟ್ಟಿದ್ದರೆ ಮಾತ್ರ ಅಂಗಡಿಗೆ ಹಿಂದಿರುಗಿಸುವುದು ಸುಲಭ. ಒಮ್ಮೆ ಒಬ್ಬ ಮಾರಾಟಗಾರ ನನಗೆ ತಯಾರಕರನ್ನೇ ಕೇಳಿ ಎಂದು ಕೈ ತೊಳೆದುಕೊಂಡಿದ್ದ, ಹಿಂದಿರುಗಿಸುವ ಅವಧಿ ಇನ್ನೂ ಮುಗಿದಿರಲಿಲ್ಲ. ಅಂತಹ ಸಂದರ್ಭದಲ್ಲಿ ಬಿಲ್ಲಿನಲ್ಲಿ ಅಚ್ಚಾದ ಅವಧಿಯನ್ನು ತೋರಿಸಿ ಮೇಲಿನವರನ್ನು ಕರೆಯಿರಿ ಎನ್ನಿ. ಕೆಲವು ಕ್ರೆಡಿಟ್ ಕಾರ್ಡ್‌ಗಳು ತಯಾರಕರ ವಾರಂಟಿಯನ್ನು ತಾವೇ ಮುಂದುವರಿಸುತ್ತವೆ, ನಿಮ್ಮ ಕಾರ್ಡಿನ ಷರತ್ತು ನೋಡಿ. ತಯಾರಕರು ಬರೆದುಕೊಟ್ಟ ಮಾತಿಗೆ ತಪ್ಪಿದರೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ದೂರು ಕೊಡಬಹುದು.

ಊರಿಗೆ ಮರಳಿ ಹೋಗುವವರು ಪ್ರೆಸ್ಸನ್ನು ಸೂಟ್‌ಕೇಸಿನಲ್ಲಿ ಒಯ್ಯುವ ಯೋಚನೆ ಬಿಡಿ. ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆ ಮದ್ದುಗುಂಡು ಎಂಬುದಕ್ಕೆ ಕೊಟ್ಟ ಅರ್ಥದೊಳಗೆ ಅದರ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಸೇರಿವೆ. ತರಲು ಪರವಾನಗಿ ಬೇಕು, ತಯಾರಿಕೆಗೆ ಬೇರೆ ಪರವಾನಗಿ ಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ (ವಂಶಪಾರಂಪರ್ಯ ಭೂಮಿಯ) ಹಿಡುವಳಿದಾರರಿಗೂ 2029ರ ವರೆಗೆ ಇರುವ ವಿನಾಯಿತಿ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು, ತೋಟಾ ತಯಾರಿಸುವುದಕ್ಕಲ್ಲ. ಉಪಕರಣವನ್ನು ಇಲ್ಲಿಯೇ, ಕಾನೂನಿನಂತೆ ಬಳಸಬಲ್ಲವರಿಗೆ ಮಾರಿಬಿಡಿ. ಮಾರುವಾಗ ಕೈಪಿಡಿ, ಬಿಲ್ಲು, ಕಂಪನಿಯೊಂದಿಗೆ ನಡೆಸಿದ ಪತ್ರವ್ಯವಹಾರ ಎಲ್ಲವನ್ನೂ ಜೊತೆಗೆ ಕೊಡಿ, ಯಾವ ಭಾಗವನ್ನು ಯಾವಾಗ ಬದಲಿಸಿದ್ದೀರಿ ಎಂಬುದನ್ನೂ ಒಂದು ಚೀಟಿಯಲ್ಲಿ ಬರೆದುಕೊಡಿ.