ಬೊಂಡಾಸ್ ಬೀಳಬೇಕಾದರೆ ಮೊದಲು ಗಾಳ ಬೀಳಬೇಕು

ನಮ್ಮ ಭಾವ ಕಳೆದ ಡಿಸೆಂಬರಿನಲ್ಲಿ ಗಲ್ಫಿನಿಂದ ರಜೆಗೆ ಬರುವಾಗ ಅತ್ತರು, ಬಾದಾಮಿಯ ಜೊತೆ ಉದ್ದದ ಒಂದು ಪೈಪು ತಂದಿದ್ದರು. ಪೈಪಿನೊಳಗೆ ಗಾಳದ ಕೋಲು. ರೀಲು ಬೇರೆ, ಬಣ್ಣಬಣ್ಣದ ಜಿಗ್ಗುಗಳ, ಅಂದರೆ ಸಿಗಡಿಯ ಹಾಗಿನ ಗಾಳದ ಗೊಂಬೆಗಳ, ಪೆಟ್ಟಿಗೆ ಬೇರೆ. ಅದೇ ಸಂಜೆ ಮಂಜೇಶ್ವರದ ಪುಲಿಮುಟ್ಟಿಗೆ ಹೋದೆವು. ಅಳಿವೆ ಬಾಗಿಲಲ್ಲಿ ಕಡಲಿಗೆ ಚಾಚಿದ ಹಾಗೆ ಕಲ್ಲು ಪೇರಿಸಿರುತ್ತಾರಲ್ಲ, ಅದಕ್ಕೆ ಮಲಯಾಳದಲ್ಲಿ ಪುಲಿಮುಟ್ಟ್ ಅನ್ನುವುದು, ಈಗ ಕನ್ನಡದವರು ತುಳುವಿನವರು ಎಲ್ಲರೂ ಹಾಗೇ ಹೇಳುತ್ತಾರೆ. ನಾಲ್ಕನೇ ಎಸೆತಕ್ಕೇ ಬೊಂಡಾಸ್, ಅಂದರೆ ಸ್ಕ್ವಿಡ್, ಹಿಡಿಯಿತು. ಭಾವ ಬಾವಿಯಿಂದ ಕೊಡ ಎಳೆಯುವ ಹಾಗೆ ಕೋಲನ್ನು ಜಗ್ಗಿದರು. ಮೇಲೆ ಬಂದದ್ದು ಎರಡು ಬಿಳಿ ಎಳೆ ಮಾತ್ರ. ಉಳಿದ ಬೊಂಡಾಸ್ ಕಡಲಲ್ಲೇ ಉಳಿಯಿತು.

ಇದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ. ಮೀನು ಹಿಡಿದು ಅಭ್ಯಾಸ ಇರುವವರೇ ಜಾಸ್ತಿ ಹೀಗೆ ಮಾಡುವುದು. ಮೀನಿಗೆ ಬಾಯಿ, ಗಾಳಕ್ಕೆ ಕೊಕ್ಕೆ, ಜಗ್ಗಿದರೆ ಚುಚ್ಚುತ್ತದೆ. ಬೊಂಡಾಸಿನದು ಬೇರೆ ಲೆಕ್ಕ. ಅದಕ್ಕೆ ಎಂಟು ಗಿಡ್ಡ ಕೈ, ಎರಡು ಉದ್ದ ಕೈ. ಉದ್ದ ಕೈ ಎರಡನ್ನೂ ಚಾಚಿ ಜಿಗ್ಗನ್ನು ಅಪ್ಪಿ ಹಿಡಿಯುತ್ತದೆ ಅಷ್ಟೇ, ನುಂಗುವುದಿಲ್ಲ. ಅಲ್ಲಿ ಜಗ್ಗಿದರೆ ಕೈ ಕಿತ್ತು ಬರುತ್ತದೆ.

ನನಗೆ ಇದನ್ನು ಕಲಿಸಿದ್ದು ನಮ್ಮ ಕಡೆಯ ಒಬ್ಬರು ಮೊಗವೀರ ಅಜ್ಜ. ಅವರ ಪಾಠ ತುಳುವಿನ ಒಂದೇ ಒಂದು ಶಬ್ದ: 'ಬೂರಡ್.' ಬೀಳಲಿ ಅಂತ. ನಾನು ಕೈ ಅಲ್ಲಾಡಿಸಿದಾಗೆಲ್ಲ ಹೇಳುತ್ತಿದ್ದರು, ಬೂರಡ್, ಬೂರಡ್. ಈ ಲೇಖನದ ಮುಕ್ಕಾಲು ಪಾಲು ಅದೇ ಶಬ್ದದ ವಿವರಣೆ.

ಯಾವಾಗ, ಎಲ್ಲಿ

ಮಳೆಗಾಲದಲ್ಲಿ ಬೇಡ. ಕೇರಳದಲ್ಲಿ ಟ್ರಾಲ್ ಬೋಟುಗಳಿಗೆ ಜೂನ್ 9ರ ಮಧ್ಯರಾತ್ರಿಯಿಂದ ಜುಲೈ 31ರವರೆಗೆ 52 ದಿನ ನಿಷೇಧ. ತಲಪಾಡಿ ದಾಟಿದರೆ ಕರ್ನಾಟಕದಲ್ಲಿ ಜೂನ್ 1ರಿಂದಲೇ ಶುರು, 61 ದಿನ. ದಡದಲ್ಲಿ ಕೋಲು ಹಿಡಿದು ನಿಲ್ಲುವವರಿಗೆ ಆ ನಿಷೇಧ ಇಲ್ಲ, ಆದರೆ ಕಡಲೇ ಬಿಡುವುದಿಲ್ಲ. ಅದಲ್ಲದೆ ಬೊಂಡಾಸಿಗೆ ಸಿಹಿನೀರು ಆಗುವುದಿಲ್ಲ. ಉಪ್ಪಳ, ಶಿರಿಯ, ಮೊಗ್ರಾಲ್, ಚಂದ್ರಗಿರಿ ಅಂತ ನಮ್ಮಲ್ಲಿ ಹೆಜ್ಜೆಗೊಂದು ಹೊಳೆ. ಇವೆಲ್ಲ ಕೆಂಪು ನೀರು ತಂದು ಸುರಿಯುವಾಗ ಅಳಿವೆಯ ಹತ್ತಿರ ಬೊಂಡಾಸ್ ಹುಡುಕುವುದು ದಂಡ. ನವೆಂಬರಿನಿಂದ ಮಾರ್ಚಿನವರೆಗೆ, ನೀರು ತಿಳಿಯಾಗಿ ಮೊಣಕಾಲಾಳದಲ್ಲಿ ನಿಮ್ಮ ಹೆಬ್ಬೆರಳು ಕಾಣುವ ದಿನಗಳಲ್ಲಿ ಹೋಗಿ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಶುರು ಮಾಡಿ ಎರಡು ಗಂಟೆ ನಿಲ್ಲಿ. ನೀರು ಏರುವ ಹೊತ್ತಾದರೆ ಒಳ್ಳೆಯದು. ಹೊಯಿಗೆ ಮಾತ್ರ ಇರುವ ದಡಕ್ಕಿಂತ ಕಲ್ಲೂ ಹೊಯಿಗೆಯೂ ಸೇರುವ ಜಾಗ ಮೇಲು.

ರಾತ್ರಿ ಬಂದರಿನ ದೀಪದ ಬೆಳಕು ನೀರಿಗೆ ಬೀಳುವ ಕಡೆ ಸಣ್ಣ ಮೀನು ಸೇರುತ್ತವೆ, ಅವುಗಳ ಹಿಂದೆ ಬೊಂಡಾಸ್ ಬರುತ್ತದೆ. ಬೆಳಕಿನ ನಡುವೆ ಎಸೆಯಬೇಡಿ. ಬೆಳಕು ಮುಗಿದು ಕತ್ತಲೆ ಶುರುವಾಗುವ ಗೆರೆಗೆ ಎಸೆಯಿರಿ, ಅದು ಕಾಯುವುದು ಅಲ್ಲಿ. ದೋಣಿಯಲ್ಲಿ ಜನರೇಟರ್ ಇಟ್ಟು ಎಲ್‌ಇಡಿ ದೀಪ ಉರಿಸುವ ಉಪಾಯ ಕೆಲವರು ಹೇಳುತ್ತಾರೆ. ಹಾಗೆ ಮೀನು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲೇ ನಿಷೇಧಿಸಿದೆ, ಆ ಸುದ್ದಿಗೇ ಹೋಗಬೇಡಿ.

ಸಾಮಾನು

ಎಂಟು ಅಡಿ ಆಸುಪಾಸಿನ, ತುದಿ ಮೆತ್ತಗೆ ಬಾಗುವ ಕೋಲು. ಸಣ್ಣ ರೀಲು. ನೇಯ್ದ ತೆಳು ದಾರ, ಅದರ ತುದಿಗೆ ಒಂದು ಮಾರು ತಂಗೂಸ್, ಅಂದರೆ ನೈಲಾನ್ ದಾರ. ಬರೀ ತಂಗೂಸನ್ನೇ ರೀಲಿಗೆ ಸುತ್ತಿದರೂ ನಡೆಯುತ್ತದೆ ಅನ್ನುವವರಿದ್ದಾರೆ. ನಡೆಯುತ್ತದೆ, ಆದರೆ ಅದು ರಬ್ಬರಿನ ಹಾಗೆ ಹಿಗ್ಗುವುದರಿಂದ ಬೊಂಡಾಸ್ ಮುಟ್ಟಿದ್ದು ಕೈಗೆ ತಿಳಿಯುವುದಿಲ್ಲ. ನಾನಂತೂ ಒಪ್ಪುವುದಿಲ್ಲ.

ಜಿಗ್ ಅಂದರೆ ಬಟ್ಟೆ ಸುತ್ತಿದ ಸಿಗಡಿಯ ಗೊಂಬೆ, ಬಾಲದಲ್ಲಿ ಮುಳ್ಳಿನ ಕಿರೀಟ, ಕುತ್ತಿಗೆಯ ಕೆಳಗೆ ಸೀಸ. ನಂಬರ್ 3 ಅಂತ ಬರೆದಿರುವುದು 15 ಗ್ರಾಂ ಹತ್ತಿರ ಇರುತ್ತದೆ, ಮೂರೂವರೆಯದು 20 ಗ್ರಾಂ. ನಮ್ಮ ಪುಲಿಮುಟ್ಟಿಗೆ 3 ಸಾಕು. ಬಣ್ಣದ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಒಂದು ಕಿತ್ತಳೆ, ಒಂದು ಗುಲಾಬಿ ಇದ್ದರೆ ಆಯಿತು. ನೋಡಬೇಕಾದದ್ದು ಅದು ಬೀಳುವ ರೀತಿ. ಆನ್‌ಲೈನಿನಲ್ಲಿ ಡಜನ್‌ಗಟ್ಟಲೆ ಕಟ್ಟಿ ಅಗ್ಗಕ್ಕೆ ಮಾರುವ ಜಿಗ್ಗುಗಳನ್ನು ನಾನೂ ಒಮ್ಮೆ ತರಿಸಿದ್ದೆ. ಹತ್ತರಲ್ಲಿ ಆರು ಬಾಲ ಕೆಳಗಾಗಿ ಮುಳುಗುತ್ತಿದ್ದವು, ಎರಡರ ಮುಳ್ಳು ಒಂದೇ ವಾರದಲ್ಲಿ ತುಕ್ಕು ಹಿಡಿದವು. ಆದ್ದರಿಂದ ಕಡಲಿಗೆ ಹೋಗುವ ಮೊದಲು ಮನೆಯಲ್ಲೇ ಒಂದು ದೊಡ್ಡ ಬಾಲ್ದಿಯಲ್ಲಿ ನೀರು ತುಂಬಿಸಿ ಒಂದೊಂದನ್ನೇ ಬಿಟ್ಟು ನೋಡಿ. ತಲೆ ತಗ್ಗಿಸಿ, ಬಾಲ ಎತ್ತಿ, ಓರೆಯಾಗಿ ನಿಧಾನಕ್ಕೆ ಇಳಿಯಬೇಕು. ಕಲ್ಲಿನ ಹಾಗೆ ಬೀಳುವುದನ್ನೂ ಮಲಗಿ ಬೀಳುವುದನ್ನೂ ಪಕ್ಕಕ್ಕಿಡಿ.

ರೀಲಿನ ಬಿಗಿ ಸರಿ ಮಾಡಲು ಒಂದು ಉಪಾಯ. ಅರ್ಧ ಲೀಟರಿನ ನೀರಿನ ಬಾಟಲಿ ತುಂಬಿಸಿ ದಾರದ ತುದಿಗೆ ಕಟ್ಟಿ ಎತ್ತಿ. ಬಾಟಲಿ ಮೇಲೇಳುವುದೋ ಬೇಡವೋ ಅನ್ನುವ ಹಾಗೆ ರೀಲು ಸ್ವಲ್ಪ ಸ್ವಲ್ಪವೇ ದಾರ ಬಿಡಬೇಕು. ಅದಕ್ಕಿಂತ ಬಿಗಿ ಬೇಡ. ಭಾವನ ರೀಲಿನಲ್ಲಿ ಬಾಟಲಿ ಅಲ್ಲ, ಗ್ಯಾಸ್ ಸಿಲಿಂಡರ್ ಎತ್ತಬಹುದಿತ್ತು.

ಎಸೆಯುವುದು

ಎಸೆಯುವುದು ಎರಡು ದಿನದಲ್ಲಿ ಬರುತ್ತದೆ. ಹಿಂದೆ ಯಾರೂ ಇಲ್ಲ ಅಂತ ನೋಡಿಕೊಳ್ಳಿ, ಸಾಕು.

ಬೀಳಿಸುವುದು

ಇಲ್ಲಿ ನಿಧಾನಕ್ಕೆ ಓದಿ. ಜಿಗ್ ನೀರಿಗೆ ಬಿತ್ತು. ರೀಲಿನ ಬಾಗಿಲು, ಅಂದರೆ ದಾರ ತಡೆಯುವ ತಂತಿ, ತೆರೆದೇ ಇರಲಿ. ಈಗ ಎಣಿಸಲು ಶುರು ಮಾಡಿ. ನಂಬರ್ 3ರ ಸಾಧಾರಣ ಜಿಗ್ ಒಂದು ಮೀಟರ್ ಇಳಿಯಲು ಮೂರು, ಮೂರೂವರೆ ಸೆಕೆಂಡು ಬೇಕು. ದಾರ ಹೋಗುತ್ತಾ ಇರುತ್ತದೆ, ಒಮ್ಮೆಲೇ ಸಡಿಲವಾಗಿ ನೀರಿನ ಮೇಲೆ ಮಲಗುತ್ತದೆ. ಅಂದರೆ ಅಡಿ ಮುಟ್ಟಿತು. ನಿಮ್ಮ ಎಣಿಕೆ ಹದಿನಾಲ್ಕು ಅಂತಿಟ್ಟುಕೊಳ್ಳಿ, ಆಳ ನಾಲ್ಕು ಮೀಟರ್ ಹತ್ತಿರ. ಮುಂದಿನ ಎಸೆತದಿಂದ ಹನ್ನೆರಡಕ್ಕೇ ಬಾಗಿಲು ಮುಚ್ಚಿ ದಾರ ನಿಲ್ಲಿಸಿ. ಜಿಗ್ ಕಲ್ಲಿಗೆ ಸಿಕ್ಕಿಕೊಳ್ಳುವುದಿಲ್ಲ, ಬೊಂಡಾಸಿನ ಕಣ್ಣೆದುರು ತೇಲುತ್ತದೆ. ಈ ಎಣಿಕೆ ಮಾಡದವರು ಒಂದು ಸಂಜೆಗೆ ಐದು ಜಿಗ್ ಕಲ್ಲಿಗೆ ಕೊಟ್ಟು ಬರುತ್ತಾರೆ, ಆಮೇಲೆ ಈ ಜಾಗವೇ ಸರಿ ಇಲ್ಲ ಅನ್ನುತ್ತಾರೆ.

ಇನ್ನು ಕೋಲಿನ ತುದಿಯನ್ನು ಎರಡು ಸಲ ಟಕ್ ಟಕ್ ಅಂತ ಮೇಲಕ್ಕೆ ಚಿಮ್ಮಿಸಿ. ನೀರಿನಡಿ ಜಿಗ್ ಸಿಗಡಿಯ ಹಾಗೆ ಹಾರುತ್ತದೆ. ದೂರದಲ್ಲಿದ್ದ ಬೊಂಡಾಸ್ ಅದನ್ನು ನೋಡುತ್ತದೆ, ಹತ್ತಿರ ಬರುತ್ತದೆ. ಇಷ್ಟು ಎಲ್ಲರೂ ಮಾಡುತ್ತಾರೆ. ತಪ್ಪುವುದು ಇದರ ನಂತರ. ಜನ ಚಿಮ್ಮಿಸುತ್ತಲೇ ಇರುತ್ತಾರೆ. ಹಾರುವ ಜಿಗ್ಗನ್ನು ಬೊಂಡಾಸ್ ಹಿಡಿಯುವುದು ಕಡಿಮೆ, ಅದು ಕೈ ಚಾಚುವುದು ಜಿಗ್ ಸುಸ್ತಾದ ಸಿಗಡಿಯ ಹಾಗೆ ಇಳಿಯುವಾಗ. ಆದ್ದರಿಂದ ಎರಡು ಟಕ್, ಆಮೇಲೆ ಬೂರಡ್. ಏಳೆಂಟು ಸೆಕೆಂಡು ಸುಮ್ನೆ ಇರಿ. ನನ್ನ ಪಕ್ಕ ನಿಂತವರಿಗೆ ಈ ಏಳೆಂಟು ಸೆಕೆಂಡು ಏಳೆಂಟು ನಿಮಿಷದ ಹಾಗೆ ಅನಿಸುತ್ತದೆ, ಒಬ್ಬರು ಫೋನ್ ತೆಗೆಯುತ್ತಾರೆ, ಇನ್ನೊಬ್ಬರು ರೀಲು ತಿರುಗಿಸುತ್ತಾರೆ.

ಸುಮ್ನೆ ಇರುವುದು ಅಂದರೆ ದಾರ ಪೂರ್ತಿ ಸಡಿಲ ಬಿಡುವುದು ಅಂತ ಅಲ್ಲ. ಜಿಗ್ ಇಳಿಯುವ ಹಾಗೆ ಕೋಲಿನ ತುದಿಯನ್ನೂ ಇಳಿಸುತ್ತಾ ಬನ್ನಿ. ದಾರದಲ್ಲಿ ಸಣ್ಣ ಹೊಟ್ಟೆ ಉಳಿಯಬೇಕು, ಜೋತು ಬೀಳಬಾರದು. ಕಣ್ಣು ಕೋಲಿನ ತುದಿಯ ಮೇಲಲ್ಲ, ದಾರ ನೀರಿಗೆ ಇಳಿಯುವ ಬಿಂದುವಿನ ಮೇಲೆ ಇರಲಿ. ಬೊಂಡಾಸ್ ಹಿಡಿದದ್ದು ಮೂರು ಬಗೆಯಲ್ಲಿ ಗೊತ್ತಾಗುತ್ತದೆ. ಇಳಿಯುತ್ತಿದ್ದ ದಾರ ಹತ್ತಕ್ಕೇ ನಿಲ್ಲುತ್ತದೆ, ಹನ್ನೆರಡು ಆಗಬೇಕಿತ್ತು. ಇಲ್ಲವೇ ದಾರ ಸರ್ರನೆ ಪಕ್ಕಕ್ಕೆ ಹೋಗುತ್ತದೆ. ಮೂರನೆಯದು ಕಷ್ಟದ್ದು: ಏನೂ ಆಗುವುದಿಲ್ಲ, ಮುಂದಿನ ಟಕ್‌ಗೆ ಕೋಲು ಎತ್ತಿದಾಗ ಒದ್ದೆ ಬಟ್ಟೆ ಸಿಕ್ಕಿದ ಹಾಗೆ ಭಾರ. ಕಸ ಅಂತ ಬೈದುಕೊಂಡು ಅರ್ಧ ಜನ ಅಲ್ಲೇ ದಾರ ಸಡಿಲ ಬಿಡುತ್ತಾರೆ. ಆ ಕಸವೇ ಬೊಂಡಾಸ್.

ಜಗ್ಗಬೇಡಿ. ಕೋಲನ್ನು ಮೆಲ್ಲಗೆ, ತೊಟ್ಟಿಲು ಎತ್ತುವ ಹಾಗೆ ಎತ್ತಿ. ಭಾರ ಕುಳಿತಿತು ಅನಿಸಿದ ಮೇಲೆ ಒಂದೇ ವೇಗದಲ್ಲಿ ರೀಲು ತಿರುಗಿಸಿ. ಬೊಂಡಾಸ್ ನೀರು ಉಗುಳಿ ಹಿಂದಕ್ಕೆ ನುಗ್ಗುತ್ತದೆ, ಕೋಲು ಗುಂಯ್ ಗುಂಯ್ ಅಂತ ಬಾಗುತ್ತದೆ. ಆಗ ತಿರುಗಿಸುವುದು ನಿಲ್ಲಿಸಿ, ರೀಲು ದಾರ ಬಿಡಲಿ, ಅದಕ್ಕೇ ಬಾಟಲಿ ಕಟ್ಟಿ ನೋಡಿದ್ದು. ನಿಂತ ಮೇಲೆ ಪುನಃ ತಿರುಗಿಸಿ. ಕೋಲನ್ನು ಮೇಲೆ ಕೆಳಗೆ ಆಡಿಸುತ್ತಾ ಎಳೆಯುವ ಅಭ್ಯಾಸ ಇದ್ದರೆ ಇಲ್ಲಿ ಬಿಟ್ಟುಬಿಡಿ. ಜಿಗ್ಗಿನ ಮುಳ್ಳಿಗೆ ಹಿಂಗೊಕ್ಕೆ ಇರುವುದಿಲ್ಲ, ಒಂದು ಕ್ಷಣ ದಾರ ಸಡಿಲವಾದರೂ ಬೊಂಡಾಸ್ ಜಾರಿ ಹೋಗುತ್ತದೆ. ಭಾವನಿಗೆ ಎರಡನೇ ಸಲ ಸಿಕ್ಕಿದಾಗ ನಾನು ಹಿಂದೆ ನಿಂತು, 'ಭಾವಾ, ಎಳೀಬೇಡಿ, ಬರೀ ತಿರುಗಿಸಿ' ಅಂತ ಹೇಳುತ್ತಲೇ ಇದ್ದೆ. ಮೂರನೆಯದು ಕೊನೆಗೂ ಮೇಲೆ ಬಂತು.

ಮೇಲೆ ತರುವುದು

ಹತ್ತಿರ ಬಂದ ಬೊಂಡಾಸನ್ನು ತಕ್ಷಣ ಎತ್ತಬೇಡಿ. ನೀರಲ್ಲೇ ಒಂದೆರಡು ಸಲ ಮಸಿ ಉಗುಳಲಿ. ಬಲೆಚೀಲವನ್ನು ತಲೆಯ ಕಡೆಯಿಂದಲ್ಲ, ಬಾಲದ ಹಿಂದೆ ಹಿಡಿಯಿರಿ. ಬೊಂಡಾಸ್ ಗಾಬರಿಯಾದರೆ ಬಾಲ ಮುಂದಾಗಿ ಓಡುತ್ತದೆ, ತಾನಾಗಿ ಚೀಲಕ್ಕೆ ನುಗ್ಗುತ್ತದೆ. ಮೇಲೆ ತಂದ ಮೇಲೆ ಕುತ್ತಿಗೆಯ ಕೆಳಗಿನ ಕೊಳವೆ ನಿಮ್ಮ ಕಡೆ ತಿರುಗಿರಬಾರದು. ಬಿಳಿ ಅಂಗಿ ಹಾಕಿ ಹೋಗಬೇಡಿ, ಆ ಮಸಿ ಯಾವ ಸೋಪಿಗೂ ಸುಲಭಕ್ಕೆ ಹೋಗುವುದಿಲ್ಲ. ಕೈಗಳ ನಡುವೆ ಗಿಳಿಯ ಕೊಕ್ಕಿನ ಹಾಗಿನ ಬಾಯಿ ಇದೆ, ಬೆರಳು ಅಲ್ಲಿಗೆ ಹೋಗದಿರಲಿ.

ಒದ್ದಾಡಲು ಬಿಡುವುದು ಬೇಡ. ಎರಡು ಕಣ್ಣಿನ ನಡುವೆ ಪೀಶಕತ್ತಿಯ ತುದಿ ಒತ್ತಿದರೆ ಮೈ ಒಮ್ಮೆಲೇ ಬೆಳ್ಳಗಾಗುತ್ತದೆ, ಮುಗಿಯಿತು. ಪ್ಲಾಸ್ಟಿಕ್ ಚೀಲಕ್ಕೆ ಹಾಕಿಯೇ ಮಂಜುಗಡ್ಡೆಯಲ್ಲಿಡಿ. ಕರಗಿದ ಸಿಹಿನೀರು ನೇರ ತಾಗಿದರೆ ಮಾಂಸ ಮಂಕಾಗುತ್ತದೆ. ಅಂಗೈಗಿಂತ ಚಿಕ್ಕದು ಸಿಕ್ಕಿದರೆ ಬಿಟ್ಟುಬಿಡಿ. ಬೊಂಡಾಸಿನ ಆಯುಷ್ಯವೇ ಹೆಚ್ಚೆಂದರೆ ವರ್ಷದ ಲೆಕ್ಕ, ಮೊಟ್ಟೆ ಇಟ್ಟ ಮೇಲೆ ಸಾಯುತ್ತದೆ. ಮೊಟ್ಟೆ ಇಡುವ ಮೊದಲೇ ಹಿಡಿದರೆ ಮುಂದಿನ ವರ್ಷ ನಾವು ಬಾಲ್ದಿಯಲ್ಲೇ ಗಾಳ ಹಾಕಬೇಕಾದೀತು.

ದೋಣಿಯಲ್ಲಿ

ನಾಡದೋಣಿಯಲ್ಲಿ ಕೋಲು ಬೇಕೆಂದೇ ಇಲ್ಲ, ಕೈಗಾಳ ಸಾಕು. ಲಂಗರು ಹಾಕಿ, ಭಾರದ ಜಿಗ್ಗನ್ನು ಅಡಿ ಮುಟ್ಟಿಸಿ, ಅರ್ಧ ಮಾರು ಮೇಲೆತ್ತಿ ನಿಲ್ಲಿಸಿ. ದೋಣಿಯ ತೂಗಾಟವೇ ಜಿಗ್ಗನ್ನು ಎತ್ತಿ ಇಳಿಸುತ್ತದೆ. ಲೈಫ್ ಜಾಕೆಟ್ ಕೂರುವ ಹಲಗೆಯಡಿ ಅಲ್ಲ, ಮೈಮೇಲೆ ಇರಬೇಕು.

ಬೊಂಡಾಸ್ ಬಾರದ ದಿನ ಬರಿಗೈಯಲ್ಲಿ ಹೋಗಬೇಕಾಗಿಲ್ಲ. ಅಳಿವೆಯ ಒಳಗಿನ ಹೊಯಿಗೆಯಲ್ಲಿ ಕಾಣೆ ಮೀನು ಇರುತ್ತದೆ. ಸಣ್ಣ ಗಾಳ, ಬೆರಳಿನ ಉಗುರಿನಷ್ಟು ಹಸಿ ಸಿಗಡಿಯ ತುಂಡು, ಸ್ವಲ್ಪ ಸೀಸ. ಸೀಸ ಹೊಯಿಗೆಯ ಮೇಲೆ ತೆವಳುವ ಹಾಗೆ ಮೆಲ್ಲಗೆ ಎಳೆಯಿರಿ. ಕಲ್ಲಿನ ಬದಿಯಲ್ಲಿ ಕೆಂಬೇರಿ, ಅದಕ್ಕೆ ದಪ್ಪ ತಂಗೂಸ್. ತೇಡೆ, ಅಂದರೆ ಮೀಸೆಯ ಮೀನು, ಬಂದರೆ ಬರಿಗೈಯಲ್ಲಿ ಮುಟ್ಟಬೇಡಿ, ಬೆನ್ನಿನ ಮತ್ತು ಪಕ್ಕದ ಮುಳ್ಳಿನಲ್ಲಿ ವಿಷ. ಚುಚ್ಚಿದರೆ ತಡೆಯುವಷ್ಟು ಬಿಸಿ ನೀರಿನಲ್ಲಿ ಕೈ ಮುಳುಗಿಸಿದರೆ ನೋವು ಇಳಿಯುತ್ತದೆ, ಆಮೇಲೆ ಡಾಕ್ಟರ್ ಹತ್ತಿರ ಹೋಗಿ. ಗಾಳಿ ತುಂಬಿಕೊಂಡು ಚೆಂಡಿನ ಹಾಗೆ ಉಬ್ಬುವ ಮೀನನ್ನು ಯಾರು ಏನು ಹೇಳಿದರೂ ತಿನ್ನಬೇಡಿ.

ಕಳ್ಳಕಡಲು

ಗಾಳಿ ಇಲ್ಲ, ಮೋಡ ಇಲ್ಲ, ಕಡಲು ಮಾತ್ರ ಇದ್ದಕ್ಕಿದ್ದ ಹಾಗೆ ಏರಿ ಬರುತ್ತದೆ. ಇದು ಮಳೆಗಾಲಕ್ಕೆ ಮುಂಚಿನ ತಿಂಗಳುಗಳಲ್ಲಿ ಜಾಸ್ತಿ. ತೆಂಕು ಹಿಂದೂ ಮಹಾಸಾಗರದಲ್ಲಿ ಎಲ್ಲೋ ಎದ್ದ ಬಿರುಗಾಳಿಯ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಡಕ್ಕೆ ಬರುವುದು. ಮಲಯಾಳದ 'ಕಳ್ಳಕ್ಕಡಲ್' ಅನ್ನುವ ಹೆಸರನ್ನೇ ಯುನೆಸ್ಕೊ 2012ರಲ್ಲಿ ಒಪ್ಪಿಕೊಂಡಿತು. ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯಿಸ್ ಮೊದಲೇ ಎಚ್ಚರಿಕೆ ಕೊಡುತ್ತದೆ, ಹೊರಡುವ ಮೊದಲು ಫೋನಿನಲ್ಲಿ ನೋಡಿ. ಎಚ್ಚರಿಕೆ ಇದ್ದ ದಿನ ಪುಲಿಮುಟ್ಟಿಗೂ ಇಲ್ಲ, ಬೇಕಲ ಕೋಟೆಯ ಕೆಳಗಿನ ಬಂಡೆಗೂ ಇಲ್ಲ. ಉಳಿದ ದಿನವೂ ಪಾಚಿ ಹಿಡಿದ ಕಲ್ಲಿನ ಮೇಲೆ ರಬ್ಬರ್ ಚಪ್ಪಲಿ ಹಾಕಿ ನಿಲ್ಲಬೇಡಿ.

ಅಡುಗೆಮನೆಗೆ

ತಲೆ ಹಿಡಿದು ಎಳೆದರೆ ಒಳಗಿನದೆಲ್ಲ ಜೊತೆಗೇ ಬರುತ್ತದೆ. ಬೆಳ್ಳಿ ಬಣ್ಣದ ಮಸಿ ಚೀಲ ಒಡೆಯದ ಹಾಗೆ ನೋಡಿಕೊಳ್ಳಿ. ಬೆನ್ನಿನೊಳಗೆ ಪ್ಲಾಸ್ಟಿಕ್ಕಿನಂಥ ಒಂದು ಗರಿ ಇರುತ್ತದೆ, ಎಳೆದು ತೆಗೆಯಿರಿ. ಬೇಯಿಸುವುದಾದರೆ ದೊಡ್ಡ ಉರಿಯಲ್ಲಿ ಎರಡು ಮೂರು ನಿಮಿಷ, ಇಲ್ಲವೇ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ನಡುವೆ ಎಲ್ಲಿ ಇಳಿಸಿದರೂ ರಬ್ಬರು. ಅಕ್ಕ ಪುಳಿಮುಂಚಿಗೆ ಎರಡನೇ ಲೆಕ್ಕ ಹಿಡಿಯುತ್ತಾಳೆ. ಆ ರಾತ್ರಿ ಒಂದೇ ಬೊಂಡಾಸನ್ನು ಏಳು ಜನ ಹಂಚಿಕೊಂಡೆವು. ಭಾವ ಊಟದ ನಡುವೆ ಎದ್ದುಹೋಗಿ ಬಾಲ್ದಿಗೆ ನೀರು ಬಿಟ್ಟು ಉಳಿದ ಜಿಗ್ಗುಗಳನ್ನು ಒಂದೊಂದಾಗಿ ಬೀಳಿಸಿ ನೋಡುತ್ತಿದ್ದರು.