ಹಳೇ ಜಾವಾ, ಯೆಜ್ಡಿ ಕೊಳ್ಳುವ ಮುಂಚೆ ಎಂಜಿನ್ ಮುಟ್ಟಿ ನೋಡಿ

ಹಳೇ ಜಾವಾ ನೋಡಲು ಹೋಗುವ ದಿನ ಬೆಳಿಗ್ಗೆ ಮಾರುವವರಿಗೆ ಫೋನ್ ಮಾಡಿ ಒಂದೇ ಮಾತು ಹೇಳಿ: "ನಾನು ಬರೋವರೆಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ." ಹೋದ ತಕ್ಷಣ ಎಂಜಿನ್ ಮೇಲೆ ಅಂಗೈ ಇಡಿ. ಬಿಸಿ ಎಂಜಿನ್ ಸುಲಭಕ್ಕೆ ಏಳುತ್ತದೆ, ರೋಗ ಕಾಣುವುದಿಲ್ಲ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ತಿಳಿಯಿರಿ. ಕಾಫಿ ಕುಡಿಯುತ್ತಾ ಅದೂ ಇದೂ ಮಾತಾಡಿ, ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ. ಕಾಯಲು ಬಿಡುವುದಿಲ್ಲ ಎಂದರೆ ಬಸ್ ಹತ್ತಿ ವಾಪಸ್ ಬನ್ನಿ.

ಇದನ್ನು ನಾನು ದುಡ್ಡು ಕೊಟ್ಟು ಕಲಿತೆ. ನನ್ನ ಮೊದಲ ಯೆಜ್ಡಿ ರೋಡ್‌ಕಿಂಗ್ ನೋಡಲು ಹೋದಾಗ ಅದು ಅರ್ಧ ಕಿಕ್ಕಿಗೇ ಶುರುವಾಗಿತ್ತು. ಬೀಗಿಕೊಂಡು ಮನೆಗೆ ತಂದೆ. ಮರುದಿನ ಬೆಳಿಗ್ಗೆ ಒದ್ದೂ ಒದ್ದೂ ಕಾಲು ಬಿದ್ದುಹೋಯಿತು, ಎಂಜಿನ್ ಮಾತ್ರ ಏಳಲಿಲ್ಲ. ಎಂಜಿನ್ ಒಳಗೆ ತಿರುಗುವ ದಂಡವಾದ ಕ್ರ್ಯಾಂಕ್ ಬಿಚ್ಚಿಸಿ ಕೂಡಿಸುವಷ್ಟರಲ್ಲಿ ಮೂರು ತಿಂಗಳು ಹೋಯಿತು. ಆಮೇಲೆ ಪರಿಚಯದವರು ಗಾಡಿ ಕೊಳ್ಳುವಾಗ ಜೊತೆಗೆ ಹೋಗುವುದು ಅಭ್ಯಾಸವಾಗಿಬಿಟ್ಟಿದೆ. ಬಂದವರೆಲ್ಲ ಮೊದಲು ನೋಡುವುದು ಟ್ಯಾಂಕಿನ ಕ್ರೋಮ್. ಎರಡನೆಯದು ಅದರಲ್ಲಿ ತಮ್ಮ ಮುಖ.

ಈ ಲೇಖನ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಟೂ ಸ್ಟ್ರೋಕ್ ಗಾಡಿಗಳ ಬಗ್ಗೆ ಮಾತ್ರ. ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಲೈಸೆನ್ಸ್ ಪಡೆದು 1961ರಲ್ಲಿ ಇಲ್ಲಿ ಕೆಲಸ ಶುರುವಾಯಿತು. ಉದ್ಘಾಟನೆ ಮಾಡಿದವರು ಜಯಚಾಮರಾಜ ಒಡೆಯರ್. ಎಪ್ಪತ್ತರ ದಶಕದಲ್ಲಿ ಟ್ಯಾಂಕಿನ ಮೇಲೆ ಯೆಜ್ಡಿ ಹೆಸರು ಬಂತು. 1996ರಲ್ಲಿ ಬಾಗಿಲು ಮುಚ್ಚಿತು. 2018ರಲ್ಲಿ ಬಂದ ಹೊಸ ಜಾವಾ, 2022ರಲ್ಲಿ ಬಂದ ಹೊಸ ಯೆಜ್ಡಿ ಫೋರ್ ಸ್ಟ್ರೋಕ್ ಗಾಡಿಗಳು. ಅವುಗಳಿಗೂ ಇದಕ್ಕೂ ಹೆಸರು ಬಿಟ್ಟರೆ ಸಂಬಂಧವಿಲ್ಲ. ಹೊಸದಕ್ಕೆ ಕೊಡುವ ದುಡ್ಡಲ್ಲಿ ಹಳೇದು ಕೊಂಡು ದಿನಾ ಆಫೀಸಿಗೆ ಓಡಿಸುತ್ತೇನೆ ಎನ್ನುವವರು ಇಲ್ಲೇ ಓದು ನಿಲ್ಲಿಸಿ, ಹೊಸದನ್ನೇ ಕೊಳ್ಳಿ.

ಮೊದಲು ಕಾಗದ

ಗಾಡಿ ಹತ್ತಿರ ಹೋಗುವ ಮುಂಚೆ ಆರ್‌ಸಿ ಕೇಳಿ. "ಇದೆ, ಮನೇಲಿದೆ" ಅಂದರೆ ಮನೆಯಿಂದ ತರಿಸಿ. ಖಾಸಗಿ ಗಾಡಿಯ ನೋಂದಣಿ ಮೊದಲು 15 ವರ್ಷ ನಡೆಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ ಮಾಡಿಸಬೇಕು. ತುಂಬಾ ಗಾಡಿಗಳು ಆ 15 ವರ್ಷ ಮುಗಿದಲ್ಲಿಗೇ ನಿಂತಿರುತ್ತವೆ. ಕೇಂದ್ರ ಸಾರಿಗೆಯ ಆ್ಯಪ್‌ನಲ್ಲಿ ನಂಬರ್ ಹಾಕಿ ನೋಡಿ. ಎಂವೈ, ಸಿಎ ಎಂದು ಶುರುವಾಗುವ ಹಳೇ ನಂಬರುಗಳು ಎಷ್ಟೋ ಸಲ ಕಂಪ್ಯೂಟರಿಗೆ ಏರಿಯೇ ಇರುವುದಿಲ್ಲ. ಆಗ ಆರ್‌ಟಿಒ ಕಚೇರಿಯಲ್ಲಿ ಹಳೇ ದಾಖಲೆ ಹುಡುಕಿಸಿ ಏರಿಸಬೇಕು. ಆ ಓಡಾಟ ಮಾರುವವರೇ ಮಾಡಲಿ. "ನೀವೇ ಮಾಡಿಸ್ಕೊಳಿ, ಎರಡು ಸಾವಿರ ಕಮ್ಮಿ ಮಾಡ್ತೀನಿ" ಎಂಬ ಮಾತಿಗೆ ಬೀಳಬೇಡಿ.

ಮಾಲೀಕರು ತೀರಿಕೊಂಡಿದ್ದರೆ ಗಾಡಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು, ಅದಕ್ಕೆ ಫಾರಂ 31. ನಿಮ್ಮ ಹೆಸರಿಗೆ ಆಗಲು ಫಾರಂ 29 ಮತ್ತು 30. ಬೇರೆ ರಾಜ್ಯದ ಗಾಡಿಯಾದರೆ ಫಾರಂ 28ರ ಎನ್‌ಒಸಿ ಕೈಗೆ ಬರದೆ ದುಡ್ಡು ಬಿಚ್ಚಬೇಡಿ.

ಈಗ ಟಾರ್ಚು, ಪೆನ್ಸಿಲ್, ತೆಳ್ಳನೆ ಕಾಗದ ತೆಗೆಯಿರಿ. ಚಾಸಿ ನಂಬರ್ ಹ್ಯಾಂಡಲ್ ಕತ್ತಿನ ಹತ್ತಿರ ಫ್ರೇಮಿನಲ್ಲಿ ಕೊರೆದಿರುತ್ತದೆ, ಎಂಜಿನ್ ನಂಬರ್ ಕ್ರ್ಯಾಂಕ್‌ಕೇಸಿನ ಮೇಲೆ. ಎರಡರ ಮೇಲೂ ಕಾಗದವಿಟ್ಟು ಪೆನ್ಸಿಲ್ ಉಜ್ಜಿ. ಆರ್‌ಸಿಯಲ್ಲಿರುವುದರ ಜೊತೆ ಒಂದೊಂದೇ ಅಂಕಿ ಹೋಲಿಸಿ. ಅಂಕಿಗಳ ಆಳ ಒಂದೇ ಥರ ಇರಬೇಕು. ಒಂದು ಮೇಲೆ ಒಂದು ಕೆಳಗೆ ಇದ್ದರೆ, ಸುತ್ತ ಗ್ರೈಂಡರ್ ಗೀರು ಇದ್ದರೆ, ಬಣ್ಣ ಅಲ್ಲಿ ಮಾತ್ರ ದಪ್ಪವಾಗಿದ್ದರೆ ನಮಸ್ಕಾರ ಹೇಳಿ ಹೊರಡಿ. ಗುಜರಿಗೆ ಹೋದ ಗಾಡಿಯ ಆರ್‌ಸಿಯನ್ನು ಇನ್ನೊಂದು ಗಾಡಿಗೆ ಹೊಂದಿಸಿ ಮಾರುವ ಜನ ಇದ್ದಾರೆ. ಅದು ರಿಪೇರಿಯಾಗುವ ತಪ್ಪಲ್ಲ, ಪೊಲೀಸ್ ಕೇಸು.

ವಿಂಟೇಜ್ ನಂಬರ್ ಬಗ್ಗೆಯೂ ಎಲ್ಲರೂ ಕೇಳುತ್ತಾರೆ. 2021ರ ನಿಯಮದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪ ಬದಲಾಯಿಸದ ಗಾಡಿಗೆ ವಿಎ ಅಕ್ಷರ ಇರುವ ನಂಬರ್ ಸಿಗುತ್ತದೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಅದನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂಥವಕ್ಕೆ ಮಾತ್ರ ರಸ್ತೆಗೆ ತರಬಹುದು. ಭಾನುವಾರ ಶ್ರೀರಂಗಪಟ್ಟಣಕ್ಕೆ ಸುಮ್ನೆ ಒಂದು ಸುತ್ತು ಹೋಗುವ ಆಸೆ ಇದ್ದರೆ ಮಾಮೂಲಿ ನೋಂದಣಿ ಇರುವ ಗಾಡಿಯೇ ವಾಸಿ.

ಬಣ್ಣ, ಟೈರು, ಸೀಟು

ಇವೆಲ್ಲ ದುಡ್ಡು ಕೊಟ್ಟರೆ ಬರುತ್ತವೆ. ಬಿಡಿ.

ಟ್ಯಾಂಕ್ ಮಾತ್ರ ಬೆರಳಲ್ಲಿ ತಟ್ಟಿ ನೋಡಿ. ಮೂಲ ಟ್ಯಾಂಕಿನ ತಗಡು ದಪ್ಪ. ಈಗ ಸಿಗುವ ಡೂಪ್ಲಿಕೇಟು ಡಬ್ಬದ ಹಾಗೆ ಸದ್ದು ಮಾಡುತ್ತದೆ, ಅದರ ಕ್ರೋಮು ಎರಡು ಮಳೆಗಾಲಕ್ಕೆ ಎದ್ದುಬರುತ್ತದೆ. ಮಾಸಿದ ಮೂಲ ಟ್ಯಾಂಕಿಗೂ ಥಳಥಳ ಹೊಳೆಯುವ ಡೂಪ್ಲಿಕೇಟಿಗೂ ಮಧ್ಯೆ ಆರಿಸಬೇಕಾದರೆ ನಾನು ಕಣ್ಣು ಮುಚ್ಚಿ ಮಾಸಿದ್ದನ್ನೇ ಆರಿಸುತ್ತೇನೆ. ಒಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ಈಗಿನ ಪೆಟ್ರೋಲಿನಲ್ಲಿರುವ ಎಥನಾಲ್ ನೀರನ್ನು ಹೀರುತ್ತದೆ, ನಿಂತ ಗಾಡಿಯ ಟ್ಯಾಂಕಿಗೆ ಅದು ಶನಿ.

ಎಂಜಿನ್: ಇಲ್ಲಿ ಒಂದು ಗಂಟೆ ಕಳೆಯಿರಿ

ಎಲ್ಲರೂ ಎಡವುವುದು ಇಲ್ಲೇ. ಟೂ ಸ್ಟ್ರೋಕ್ ಎಂಜಿನ್ ಅಂದರೆ ಏನು ಮಹಾ, ವಾಲ್ವ್ ಇಲ್ಲ, ಕ್ಯಾಮ್ ಇಲ್ಲ ಅನ್ನುತ್ತಾರೆ. ನಿಜ. ಆದರೆ ಇದರ ಕೆಳಹೊಟ್ಟೆಯೇ ಪಂಪು. ಪೆಟ್ರೋಲು, ಗಾಳಿ, ಆಯಿಲ್ ಎಲ್ಲ ಮೊದಲು ಕ್ರ್ಯಾಂಕ್ ಇರುವ ಕೋಣೆಗೆ ಬಂದು, ಅಲ್ಲಿಂದ ಮೇಲಕ್ಕೆ ಹೋಗುತ್ತವೆ. ಆ ಕೋಣೆಯ ಎರಡೂ ಪಕ್ಕಕ್ಕೆ ಒಂದೊಂದು ರಬ್ಬರ್ ಸೀಲ್ ಇರುತ್ತದೆ. ಗಾಡಿ ವರ್ಷಗಟ್ಟಲೆ ನಿಂತರೆ ಸೀಲ್ ಒಣಗಿ ಗಟ್ಟಿಯಾಗುತ್ತದೆ. ಕೆಳಗೆ ಇಳಿದ ತೇವಕ್ಕೆ ಬೇರಿಂಗ್ ತುಕ್ಕು ಹಿಡಿಯುತ್ತದೆ. ಅದಕ್ಕೇ "ಓಡೇ ಇಲ್ಲ ಸಾರ್, ಶೆಡ್ಡಲ್ಲೇ ಇತ್ತು" ಎಂಬ ಮಾತನ್ನು ಹೊಗಳಿಕೆ ಅಂದುಕೊಳ್ಳಬೇಡಿ. ವಾರಕ್ಕೊಮ್ಮೆ ಓಡಿದ ಕೊಳಕು ಗಾಡಿ ಹತ್ತು ವರ್ಷ ಮಲಗಿದ ಚಂದದ ಗಾಡಿಗಿಂತ ಸಾವಿರ ಪಾಲು ಮೇಲು.

ಮೊದಲು ಹೊರಗಿನಿಂದ ನೋಡಿ. ಪಕ್ಕದ ಕವರಿನ ಸ್ಕ್ರೂ ತಲೆಗಳ ಮೇಲೆ ಉಳಿ ಹೊಡೆದ ಗುರುತು ಇದೆಯಾ? ಇದ್ದರೆ ಒಳಗೂ ಅದೇ ಕೈ ಓಡಾಡಿದೆ. ಜಾವಾಕ್ಕೆ ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು. ಅವುಗಳ ಪೈಪನ್ನು ಸಿಲಿಂಡರಿಗೆ ಹಿಡಿದಿಡುವ ದೊಡ್ಡ ನಟ್ಟನ್ನು ಬಿಚ್ಚಲು ಬೇರೆಯದೇ ಸ್ಪ್ಯಾನರ್ ಬೇಕು. ಅದಿಲ್ಲದವರು ಸುತ್ತಿಗೆ, ಉಳಿ ಇಟ್ಟು ಬಡಿಯುತ್ತಾರೆ. ಸಿಲಿಂಡರಿನಲ್ಲಿ ನಟ್ಟು ಕೂರುವ ಮರೆ (ಥ್ರೆಡ್) ಹಾಳಾಗಿ ಅಲ್ಲಿಂದ ಕಪ್ಪು ಎಣ್ಣೆ ಸೋರುತ್ತಿರುತ್ತದೆ. ಆ ಜಾಗದಲ್ಲಿ ಎಂ-ಸೀಲ್ ಮೆತ್ತಿದ್ದರೆ ಸಿಲಿಂಡರಿನ ಲೇತ್ ಕೆಲಸದ ಖರ್ಚನ್ನು ಈಗಲೇ ಲೆಕ್ಕ ಹಾಕಿ.

ಈಗ ಸ್ಪಾರ್ಕ್ ಪ್ಲಗ್ ಬಿಚ್ಚಿ. ತುದಿ ಕಾಫಿಪುಡಿ ಬಣ್ಣಕ್ಕಿದ್ದರೆ ಒಳ್ಳೆಯದು. ಬೆಳ್ಳಗಿದ್ದರೆ ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಕಪ್ಪಗೆ ಒದ್ದೆಯಾಗಿದ್ದರೆ ಆಯಿಲ್ ಜಾಸ್ತಿ. ಪ್ಲಗ್ ಹೊಚ್ಚ ಹೊಸದಾಗಿದ್ದರೆ? ಹಳೇದನ್ನು ಕೇಳಿ ಪಡೆದು ನೋಡಿ.

ಪ್ಲಗ್ ತೂತಿನಿಂದ ಒಂದು ಪ್ಲಾಸ್ಟಿಕ್ ಸ್ಟ್ರಾ ಇಳಿಬಿಡಿ, ತುದಿ ಪಿಸ್ಟನ್ ಮೇಲೆ ಕೂರಲಿ. ಬಲಗಡೆ ಕವರ್ ತೆಗೆದರೆ ಡೈನಮೊ ಕಾಣುತ್ತದೆ. ಅದರ ನಡುವಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಮೆಲ್ಲಗೆ ತಿರುಗಿಸಿ, ಪಿಸ್ಟನ್ ಮೇಲಕ್ಕೂ ಕೆಳಕ್ಕೂ ಹೋಗುವ ದಾರಿಯ ಅರ್ಧದಲ್ಲಿ ನಿಲ್ಲಿಸಿ. ಈಗ ಸ್ಪ್ಯಾನರನ್ನು ಒಂಚೂರು ಹಿಂದೆ, ಒಂಚೂರು ಮುಂದೆ ಆಡಿಸಿ. ಕೈ ಆಡಿದ ಕ್ಷಣವೇ ಸ್ಟ್ರಾ ಕೂಡ ಆಡಬೇಕು. ಕೈ ತಿರುಗಿಯೂ ಸ್ಟ್ರಾ ಸುಮ್ಮನೆ ನಿಂತು, ಆಮೇಲೆ ಎದ್ದರೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಕೂಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದೆ. ಗಡಿಬಿಡಿ ಬೇಡ, ಮೂರ‍್ನಾಲ್ಕು ಸಲ ಮಾಡಿ ನೋಡಿ. ನನ್ನ ರೋಡ್‌ಕಿಂಗಿನಲ್ಲಿ ಇದೊಂದು ಪರೀಕ್ಷೆ ಮಾಡಿದ್ದರೆ ಮೂರು ತಿಂಗಳು ಉಳಿಯುತ್ತಿತ್ತು.

ಅಲ್ಲೇ ಡೈನಮೊ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸ್ವಲ್ಪವೂ ಕುಲುಕಬಾರದು. ಡೈನಮೊ ಒಳಗೆ ತಿರುಗುವ ಆರ್ಮೇಚರಿನ ಮೈಮೇಲೆ ಉಜ್ಜಿದ ಹೊಳಪು ಕಂಡರೆ ಕ್ರ್ಯಾಂಕನ್ನು ಹೊರುವ ಮೇನ್ ಬೇರಿಂಗ್ ಹೋಗಿದೆ. ಮೆಕ್ಯಾನಿಕ್ ಪಕ್ಕದಲ್ಲಿ ನಿಂತು "ಹಳೇ ಗಾಡಿ ಸಾರ್, ಅಷ್ಟು ಇರುತ್ತೆ" ಅನ್ನಬಹುದು. ಇರಬಾರದು. ಈ ಕ್ರ್ಯಾಂಕನ್ನು ಪ್ರೆಸ್ ಮಾಡಿ ಜೋಡಿಸಿರುತ್ತಾರೆ. ರಾಡ್ ಬದಲಾಯಿಸಲು ಎಂಜಿನ್ ಪೂರ್ತಿ ಎರಡು ಹೋಳು ಮಾಡಬೇಕು, ಕೂಡಿಸಿದ ಮೇಲೆ ಡಯಲ್ ಗೇಜ್ ಇಟ್ಟು ಓರೆಕೋರೆ ತಿದ್ದಬೇಕು. ಕಣ್ಣಂದಾಜಿನಲ್ಲಿ ಮಾಡಿದರೆ ಆರು ತಿಂಗಳಲ್ಲಿ ಮತ್ತೆ ಅದೇ ಕತೆ.

ಪ್ಲಗ್ ವಾಪಸ್ ಹಾಕಿ. ಪೆಟ್ರೋಲ್ ಬಿಟ್ಟು, ಕಾರ್ಬೊರೇಟರಿಗೆ ಹೆಚ್ಚು ಪೆಟ್ರೋಲ್ ಬಿಡುವ ಟಿಕ್ಲರ್ ಗುಂಡಿ ಒತ್ತಿ, ಕಿಕ್ ಹೊಡೆಯಿರಿ. ಮಾರುವವರಲ್ಲ, ನೀವೇ ಹೊಡೆಯಿರಿ. ಎರಡು ಮೂರು ಕಿಕ್ಕಿಗೆ ಏಳಬೇಕು. ಮೊದಲು ನೀಲಿ ಹೊಗೆ ಬರುತ್ತದೆ, ಗಾಬರಿ ಬೇಡ, ಟೂ ಸ್ಟ್ರೋಕಿನ ಗುಣವೇ ಅದು. ಐದು ನಿಮಿಷ ಬಿಟ್ಟರೆ ತೆಳುವಾಗಬೇಕು. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ಬಂದು, ಸುಟ್ಟ ಗೇರ್ ಆಯಿಲ್ ವಾಸನೆ ಹೊಡೆದರೆ ಕ್ಲಚ್ ಕಡೆಯ, ಅಂದರೆ ಎಡಗಡೆ ಸೀಲ್ ಹೋಗಿದೆ. ಎಂಜಿನ್ ಪಕ್ಕದ ಆಯಿಲನ್ನು ಹೀರಿ ಸುಡುತ್ತಿದೆ.

ಬಲಗಡೆ ಸೀಲ್ ಹೋದರೆ ಹೊಗೆ ಬರುವುದಿಲ್ಲ, ಅದಕ್ಕೇ ಅದು ಹೆಚ್ಚು ಮೋಸ ಮಾಡುತ್ತದೆ. ಆ್ಯಕ್ಸಿಲರೇಟರ್ ಜೋರಾಗಿ ತಿರುಗಿಸಿ ಪಟ್ಟನೆ ಬಿಡಿ. ಸದ್ದು ತಕ್ಷಣ ಇಳಿಯಬೇಕು. ಬಿಟ್ಟ ಮೇಲೂ ಎಂಜಿನ್ ಅರಚುತ್ತಲೇ ಇದ್ದು ನಿಧಾನಕ್ಕೆ ಇಳಿದರೆ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಹೀಗೆ ಓಡಿಸಿದರೆ ಎಂಜಿನ್ ಕಾದು ಒಂದು ದಿನ ಪಿಸ್ಟನ್ ಸೀಜ್, ಅಂದರೆ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. "ಟ್ಯೂನಿಂಗ್ ಮಾಡಿದ್ರೆ ಸರಿಹೋಗುತ್ತೆ" ಎಂದು ಸ್ಕ್ರೂಡ್ರೈವರ್ ತಂದವರನ್ನು ಹತ್ತಿರ ಬಿಡಬೇಡಿ.

ಎಂಜಿನ್ ಓಡುತ್ತಿರುವಾಗಲೇ ಮಾತಿನ ನಡುವೆ ಒಂದು ಪ್ರಶ್ನೆ ಎಸೆಯಿರಿ: "ಲೀಟರಿಗೆ ಆಯಿಲ್ ಎಷ್ಟು ಹಾಕ್ತೀರಿ?" ನಾನು 40 ಮಿಲಿ ಹಾಕುತ್ತೇನೆ. ಅವರು ಸ್ವಲ್ಪ ಹೆಚ್ಚು ಕಮ್ಮಿ ಹೇಳಿದರೂ ಪರವಾಗಿಲ್ಲ, ಅಳತೆ ಇಟ್ಟಿದ್ದಾರಲ್ಲ. "ಅದೇ, ಒಂದು ಅಂದಾಜು" ಅಂದರೆ ಬೋರ್ (ಸಿಲಿಂಡರಿನ ಒಳಗೋಡೆ) ಗೀಚಿರಬಹುದು. ಆ ಗೋಡೆಯನ್ನು ಕೊರೆದು ನಯಮಾಡುವ ಬೋರಿಂಗ್ ಎಷ್ಟು ಸಲ ಮಾಡಿಸಿದ್ದಾರೆ ಅಂತಲೂ ಕೇಳಿ. ಪ್ರತಿ ಸಲ ಸಾಮಾನ್ಯವಾಗಿ ಕಾಲು ಮಿಲಿಮೀಟರಿನಷ್ಟು ಅಗಲವಾಗುತ್ತಾ ಹೋಗುತ್ತದೆ. ಕೊನೆಯ ಸೈಜು ತಲುಪಿದ್ದರೆ ಮುಂದೆ ಹೊಸ ಸ್ಲೀವ್ ಹಾಕಿಸಬೇಕು.

ಓಡಿಸಿ ನೋಡುವುದು

ಜಾವಾದಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಬಿಟ್ಟರೆ ಗೇರ್. ಅದು ತಾನಾಗಿ ಜಾಗಕ್ಕೆ ಬರಬೇಕು. ಕಾಲಲ್ಲಿ ಎಳೆದು ತರಬೇಕಾದರೆ, ಅಥವಾ ಕಿಕ್ ಹೊಡೆದಾಗ ಹಲ್ಲು ಜಾರಿದ ಹಾಗೆ ಕಟಕ್ ಅಂದರೆ ಒಳಗಿನ ಹಲ್ಲು ಸವೆದಿದೆ.

ಏರು ಹುಡುಕಿ. ಮೈಸೂರಿನಲ್ಲಿ ನನಗೆ ಚಾಮುಂಡಿ ಬೆಟ್ಟದ ರಸ್ತೆ ಇದೆ, ನಿಮ್ಮೂರಲ್ಲಿ ಒಂದು ಫ್ಲೈಓವರ್ ಆದರೂ ಸಾಕು. ಮೂರನೇ ಗೇರಿನಲ್ಲಿ ಏರಿಸಿ. ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಪ್ಲೇಟ್ ಹೋಗಿದೆ, ಅದು ಸಣ್ಣ ಖರ್ಚು. ಇಳಿಜಾರಿನಲ್ಲಿ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಿದ್ದರೆ ಅದು ದೊಡ್ಡ ಖರ್ಚು. ಗೇರ್‌ಬಾಕ್ಸ್ ಸದ್ದು ಅಡಗಿಸಲು ದಪ್ಪನೆಯ ಆಯಿಲ್ ತುಂಬುವ ಚಾಳಿ ಕೆಲವರಿಗಿದೆ. ಗೇರ್ ಬೀಳಲು ತೀರಾ ಬಿಗಿಯಾಗಿದ್ದರೆ ಅದನ್ನೂ ಅನುಮಾನಿಸಿ.

ಬ್ರೇಕ್ ಡ್ರಮ್ಮಿನದು, ಈಗಿನ ಗಾಡಿಯ ಹಾಗೆ ಹಿಡಿಯುವುದಿಲ್ಲ. 6 ವೋಲ್ಟಿನ ದೀಪ ಮಿಣುಕುಹುಳದ ಹಾಗೆ ಇರುತ್ತದೆ. 12 ವೋಲ್ಟಿಗೆ ಬದಲಾಯಿಸಿದ್ದರೆ ಮೂಗು ಮುರಿಯುವವರು ಮುರಿಯಲಿ. ರಾತ್ರಿ ಓಡಿಸುವವನು ನಾನು, ನನಗೆ ಅದು ಒಪ್ಪಿಗೆ. ಆದರೆ ಸೈಲೆನ್ಸರಿನ ಒಳಗಿನ ಬ್ಯಾಫಲ್ ತೆಗೆದು ಊರೆಲ್ಲ ಎಬ್ಬಿಸುವ ಗಾಡಿ ಬೇಡವೇ ಬೇಡ.

ಒಬ್ಬರೇ ನೋಡಲು ಧೈರ್ಯ ಸಾಲದಿದ್ದರೆ ಜುಲೈ ತಿಂಗಳ ಎರಡನೇ ಭಾನುವಾರದವರೆಗೆ ತಡೆಯಿರಿ. ಅಂದು ಜಾವಾ ದಿನ ಅಂತ ಗಾಡಿಗಳೆಲ್ಲ ಒಂದೆಡೆ ಸೇರುತ್ತವೆ. ಹತ್ತು ಎಂಜಿನ್ನುಗಳ ಸದ್ದು ಒಟ್ಟಿಗೆ ಕೇಳಿದ ಕಿವಿಗೆ ಹನ್ನೊಂದನೆಯದರ ರೋಗ ತಾನಾಗಿ ತಿಳಿಯುತ್ತದೆ.

ಮನೆಗೆ ತರುವುದು

ವ್ಯಾಪಾರ ಕುದುರಿದರೆ ಫಾರಂಗಳಿಗೆ ಸಹಿ ಬಿದ್ದ ಮೇಲೆಯೇ ಪೂರ್ತಿ ದುಡ್ಡು ಕೊಡಿ. ಗಾಡಿಯನ್ನು ಓಡಿಸಿಕೊಂಡು ಬರಬೇಡಿ, ಟೆಂಪೊದಲ್ಲಿ ಹಾಕಿಸಿಕೊಂಡು ಬನ್ನಿ. ಮನೆಗೆ ಬಂದ ಮೇಲೆ ಮೊದಲ ಕೆಲಸ, ಹಳೇ ಪೆಟ್ರೋಲ್ ಚೆಲ್ಲುವುದು. ಎರಡನೆಯದು, ಗೇರ್ ಆಯಿಲನ್ನು ಒಂದು ಬಿಳಿ ತಟ್ಟೆಗೆ ಇಳಿಸಿ ಬಿಸಿಲಲ್ಲಿ ನೋಡುವುದು. ಬೆಳ್ಳಿಪುಡಿಯಂಥ ಮಿನುಗು ಇದ್ದರೆ ಮಾಮೂಲು. ಉಗುರಿಗೆ ಸಿಗುವಷ್ಟು ದೊಡ್ಡ ಚೂರು ಇದ್ದರೆ ಅದನ್ನು ಎಸೆಯದೆ ಪೊಟ್ಟಣ ಕಟ್ಟಿಡಿ. ಯಾವ ಗೇರಿನ ಹಲ್ಲು ಎಂದು ಮೆಕ್ಯಾನಿಕ್ ಅದನ್ನು ನೋಡಿಯೇ ಹೇಳುತ್ತಾನೆ.