ಫೋಟೊ ತೆಗೆಯಿರಿ, ಎಲೆ ಮಗುಚಿ ನೋಡಿ, ಆಮೇಲೆ ಪಂಪ್ ಎತ್ತಿ

ಮೆಣಸಿನಕಾಯಿ ಗಿಡದ ಎಲೆ ಎರಡು ಬಗೆಯಲ್ಲಿ ಮುರುಟುತ್ತದೆ. ಅಂಚು ಮೇಲಕ್ಕೆ ಮಡಚಿ ಎಲೆ ದೋಣಿಯಂತಾದರೆ ಅದು ಸಾಮಾನ್ಯವಾಗಿ ಥ್ರಿಪ್ಸ್ ನುಸಿಯ ಕೆಲಸ. ಅಂಚು ಕೆಳಕ್ಕೆ ಬಾಗಿ, ದೋಣಿಯನ್ನು ಬೋರಲು ಹಾಕಿದಂತೆ ಕಂಡರೆ ಮೈಟ್ ನುಸಿಯದು. ಹೊಲದಲ್ಲಿ ಎರಡೂ ತೊಂದರೆಗೆ ‘ಮುರುಟು ರೋಗ’ ಎಂಬ ಒಂದೇ ಹೆಸರು, ಎರಡೂ ಜೀವಿಗೆ ‘ನುಸಿ’ ಎಂಬ ಒಂದೇ ಹೆಸರು. ಆದರೆ ಥ್ರಿಪ್ಸ್ ಆರು ಕಾಲಿನ ಕೀಟ. ಮೈಟ್ ಜೇಡದ ಬಳಗಕ್ಕೆ ಸೇರಿದ್ದು. ಒಂದಕ್ಕೆ ಹೊಡೆಯುವ ಔಷಧಕ್ಕೆ ಇನ್ನೊಂದು ಹೆಚ್ಚಿನ ಸಲ ಜಗ್ಗುವುದೇ ಇಲ್ಲ.

ಇದನ್ನು ನಮ್ಮ ಮನೆಯವರು ಕಲಿತದ್ದು ಅರ್ಧ ಎಕರೆ ಬ್ಯಾಡಗಿ ಮೆಣಸಿನಕಾಯಿಯನ್ನು ಕಳೆದುಕೊಂಡು. ಅಪ್ಪ ಎರಡು ಎಲೆ ಕಿತ್ತು ಅಂಗಿಯ ಜೇಬಿಗೆ ಹಾಕಿಕೊಂಡು ಪೇಟೆಗೆ ಹೋದರು. ಅಂಗಡಿ ತಲುಪುವ ಹೊತ್ತಿಗೆ ಎಲೆ ಬಾಡಿ ಸುತ್ತಿಕೊಂಡಿತ್ತು. ಅದನ್ನು ನೋಡಿ ಕೊಟ್ಟ ಔಷಧವನ್ನು ಮೂರು ಸಲ ಸಿಂಪಡಿಸಿದೆವು. ಮೂರನೆಯ ಸಲದ ಹೊತ್ತಿಗೆ ಗಿಡದ ತುದಿಯೆಲ್ಲ ಕರಿಕಲಾಗಿತ್ತು. ಆಮೇಲೆ ಹೊಲಕ್ಕೆ ಬಂದ ಕೃಷಿ ಅಧಿಕಾರಿಯೊಬ್ಬರು ಎಲೆ ಮಗುಚಿ, ಜೇಬಿನ ಭೂತಗನ್ನಡಿ ಹಿಡಿದು, ‘ಇದು ಮೈಟು’ ಎಂದರು. ಅಷ್ಟರಲ್ಲಿ ಮೈಟ್‌ಗಳನ್ನು ತಿಂದು ಬದುಕುವ ಉಪಕಾರಿ ಹುಳುಗಳನ್ನೂ ನಮ್ಮ ಔಷಧವೇ ಕೊಂದಿತ್ತು.

ಆಗ ನಮ್ಮ ಕೈಯಲ್ಲಿ ಒಳ್ಳೆಯ ಕ್ಯಾಮೆರಾದ ಫೋನ್ ಇರಲಿಲ್ಲ. ಈಗ ಬಹುಪಾಲು ಮನೆಗಳಲ್ಲಿ ಇದೆ. ಬಾಡಿದ ಎಲೆಯನ್ನು ಜೇಬಿನಲ್ಲಿ ಒಯ್ಯುವ ಬದಲು ತಾಜಾ ಎಲೆಯನ್ನು ಗಿಡದಲ್ಲಿರುವಾಗಲೇ ತೋರಿಸಬಹುದು. ಸರಿಯಾಗಿ ಬಳಸಿದರೆ ಫೋನ್ ಒಂದೆರಡು ಸಿಂಪಡಣೆಯ ಖರ್ಚನ್ನು ಉಳಿಸುತ್ತದೆ. ತಪ್ಪಾಗಿ ಬಳಸಿದರೆ ಅದೇ ಹಳೆಯ ತಪ್ಪನ್ನು ಇನ್ನೂ ಬೇಗ ಮಾಡಿಸುತ್ತದೆ.

ಯಾವ ಆ್ಯಪ್ ಹಾಕಿಕೊಳ್ಳಬೇಕು?

ಬೆಳೆಯ ರೋಗ, ಕೀಟಗಳಿಗೆ ‘ಪ್ಲಾಂಟಿಕ್ಸ್’ ಇದೆ. ಇದು ಜರ್ಮನಿಯ ಕಂಪನಿಯೊಂದರದ್ದು, ಉಚಿತ, ಕನ್ನಡದಲ್ಲೂ ಸಿಗುತ್ತದೆ. ಕೇಂದ್ರ ಕೃಷಿ ಸಚಿವಾಲಯ 2024ರ ಆಗಸ್ಟ್ 15ರಂದು ಆರಂಭಿಸಿದ ರಾಷ್ಟ್ರೀಯ ಕೀಟ ಕಣ್ಗಾವಲು ವ್ಯವಸ್ಥೆಯ ‘ಎನ್‌ಪಿಎಸ್‌ಎಸ್’ ಆ್ಯಪ್ ಇನ್ನೊಂದು. 61 ಬೆಳೆ ಮತ್ತು 400ಕ್ಕೂ ಹೆಚ್ಚು ಪೀಡೆಗಳು ಅದರ ವ್ಯಾಪ್ತಿಯಲ್ಲಿವೆ. ಕಳೆ ಮತ್ತು ಕಾಡುಗಿಡಗಳಿಗೆ ‘ಪ್ಲಾಂಟ್‌ನೆಟ್’, ‘ಐನ್ಯಾಚುರಲಿಸ್ಟ್’ ಅಥವಾ ಫೋನಿನಲ್ಲೇ ಇರುವ ಗೂಗಲ್ ಲೆನ್ಸ್ ಸಾಕು. ಎಲ್ಲವನ್ನೂ ತುಂಬಿಕೊಳ್ಳಬೇಕಿಲ್ಲ. ಬೆಳೆಗೆ ಒಂದು, ಕಳೆಗೆ ಒಂದು ಇದ್ದರೆ ಆಯಿತು.

ಆ್ಯಪ್ ತೆರೆದಾಗ ಭಾಷೆ ಕೇಳಿದರೆ ಕನ್ನಡ ಆರಿಸಿ, ಬೆಳೆ ಕೇಳಿದರೆ ನಿಮ್ಮ ಬೆಳೆಯನ್ನೇ ಆರಿಸಿ. ಬೆಳೆ ಗೊತ್ತಾದರೆ ಹುಡುಕುವ ಪಟ್ಟಿ ಚಿಕ್ಕದಾಗುತ್ತದೆ, ತಪ್ಪು ಕಡಿಮೆಯಾಗುತ್ತದೆ. ಹೊಲದಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಸಾಮಾನ್ಯ ಕ್ಯಾಮೆರಾದಲ್ಲಿ ಫೋಟೊ ತೆಗೆದುಕೊಂಡು ಬಂದು, ಮನೆಯಲ್ಲಿ ಗ್ಯಾಲರಿಯಿಂದ ಆ್ಯಪ್‌ಗೆ ಹಾಕಬಹುದು.

ಫೋಟೊ ತೆಗೆಯುವ ಬಗೆ

ಎಲ್ಲ ಹಂತಗಳಿಗಿಂತ ಇದು ಮುಖ್ಯ, ಆದ್ದರಿಂದ ಇಲ್ಲಿ ನಿಧಾನಿಸುತ್ತೇನೆ.

ಮೊದಲು ಲೆನ್ಸನ್ನು ಒಣ ಹತ್ತಿ ಬಟ್ಟೆಯಿಂದ ಒರೆಸಿ. ಹೊಲದ ಕೆಲಸದ ನಡುವೆ ತೆಗೆದ ಫೋಟೊಗಳು ಮಂಜಾಗುವುದಕ್ಕೆ ಎಷ್ಟೋ ಸಲ ಬೆವರಿನ ಬೆರಳೇ ಕಾರಣ. ಬೆಳಗಿನ ಎಳೆ ಬಿಸಿಲು ಒಳ್ಳೆಯದು. ನಡುಮಧ್ಯಾಹ್ನವಾದರೆ ನಿಮ್ಮ ಬೆನ್ನನ್ನು ಸೂರ್ಯನಿಗೆ ಕೊಟ್ಟು, ಎಲೆಯ ಮೇಲೆ ನಿಮ್ಮದೇ ನೆರಳು ಪೂರ್ತಿ ಬೀಳುವಂತೆ ನಿಲ್ಲಿ. ಅರ್ಧ ನೆರಳು, ಅರ್ಧ ಬಿಸಿಲು ಬಿದ್ದ ಎಲೆಯನ್ನು ಆ್ಯಪ್ ಚುಕ್ಕೆ ರೋಗ ಎಂದು ಭಾವಿಸುವುದುಂಟು. ಫ್ಲಾಶ್ ಬೇಡ. ಜೂಮ್ ಕೂಡ ಬೇಡ, ಕೈಯನ್ನೇ ಹತ್ತಿರ ಒಯ್ಯಿರಿ. ಪರದೆಯಲ್ಲಿ ಎಲೆಯ ಮೇಲೆ ಒಮ್ಮೆ ಬೆರಳಿನಿಂದ ಒತ್ತಿ, ಚಿತ್ರ ಸ್ಪಷ್ಟವಾದ ಮೇಲೆ ತೆಗೆಯಿರಿ.

ಎಲೆಯ ಹಿಂದೆ ಅಂಗೈಯನ್ನೋ ಬಿಳಿ ಹಾಳೆಯನ್ನೋ ಹಿಡಿಯಿರಿ. ಇದಕ್ಕೆ ಗಟ್ಟಿ ಕಾರಣವಿದೆ. 2016ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ ಎಲೆಗಳ 54 ಸಾವಿರ ಚಿತ್ರಗಳಿಂದ ಕಂಪ್ಯೂಟರ್‌ಗೆ ರೋಗ ಗುರುತಿಸುವುದನ್ನು ಕಲಿಸಿದ್ದರು. ಅದೇ ಬಗೆಯ ಚಿತ್ರಗಳ ಮೇಲೆ ಪರೀಕ್ಷಿಸಿದಾಗ ಅದು 99 ಶೇಕಡಾಕ್ಕೂ ಹೆಚ್ಚು ಸರಿ ಹೇಳಿತು. ಬೇರೆ ಸನ್ನಿವೇಶದಲ್ಲಿ ತೆಗೆದ ಚಿತ್ರಗಳನ್ನು ಕೊಟ್ಟಾಗ ಸರಿಯಾದದ್ದು ಸುಮಾರು 31 ಶೇಕಡಾ ಮಾತ್ರ. ಕಲಿತ ಚಿತ್ರಗಳಲ್ಲಿ ಒಂದೊಂದೇ ಎಲೆ, ಹಿಂದೆ ಸಾದಾ ಬಣ್ಣ ಇತ್ತು. ಹೊಲದಲ್ಲಿ ಒಂದು ಎಲೆಯ ಹಿಂದೆ ಹತ್ತು ಎಲೆ, ಮಣ್ಣು, ಚಪ್ಪಲಿ ಎಲ್ಲ ಇರುತ್ತವೆ. ಅಂದಿನಿಂದ ಆ್ಯಪ್‌ಗಳು ತುಂಬ ಸುಧಾರಿಸಿವೆ. ಆದರೂ ಹಿನ್ನೆಲೆ ಸ್ವಚ್ಛವಾದಷ್ಟೂ ಉತ್ತರ ಸ್ವಚ್ಛ.

ಯಾವ ಎಲೆ ಆರಿಸಬೇಕು? ಪೂರ್ತಿ ಒಣಗಿದ್ದು ಬೇಡ. ಸತ್ತ ಎಲೆಗಳೆಲ್ಲ ಒಂದೇ ತೆರನಾಗಿ ಕಾಣುತ್ತವೆ. ರೋಗ ಈಗಷ್ಟೇ ಹರಡುತ್ತಿರುವ, ಹಸಿರೂ ಚುಕ್ಕೆಯೂ ಕೂಡಿರುವ ಎಲೆ ಬೇಕು. ಕನಿಷ್ಠ ಮೂರು ಫೋಟೊ ತೆಗೆಯಿರಿ: ಇಡೀ ಗಿಡ, ಎಲೆಯ ಮೇಲ್ಭಾಗ, ಎಲೆಯ ಕೆಳಭಾಗ. ಕೆಳಭಾಗವನ್ನು ಬಹಳ ಮಂದಿ ಮರೆಯುತ್ತಾರೆ, ಬಿಳಿನೊಣ, ಸಸ್ಯಹೇನು, ಮೈಟ್ ಎಲ್ಲ ಅಡಗುವುದು ಅಲ್ಲಿಯೇ. ಮೆಣಸಿನಕಾಯಿಯಲ್ಲಿ ಹೂವಿನದೂ ಒಂದಿರಲಿ. 2021ರಲ್ಲಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಹೊಲಗಳನ್ನು ಕಾಡಿದ ಹೊಸ ಕಪ್ಪು ಥ್ರಿಪ್ಸ್ ಹೆಚ್ಚಾಗಿ ಕೂರುವುದು ಹೂವಿನೊಳಗೆ.

ಹುಳು ತೀರಾ ಚಿಕ್ಕದಾದರೆ ಬಿಳಿ ಹಾಳೆಯ ಮೇಲೆ ಚಿಗುರನ್ನು ಎರಡು ಮೂರು ಸಲ ತಟ್ಟಿ. ಎಳ್ಳಿಗಿಂತ ಸಣ್ಣ, ನೀಳವಾದ, ಸರಸರನೆ ಹರಿಯುವ ಜೀವಿಗಳು ಉದುರಿದರೆ ಥ್ರಿಪ್ಸ್. ಮೆಣಸಿನ ಮೈಟ್ ಸುಮಾರು 0.2 ಮಿಲಿಮೀಟರ್ ಮಾತ್ರ, ಬರಿಗಣ್ಣಿಗೂ ಸಾಮಾನ್ಯ ಫೋನಿಗೂ ಸಿಗುವುದಿಲ್ಲ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಒಂದನ್ನು ಕೊಂಡಿಡಿ. ತಪ್ಪಾಗಿ ಹೊಡೆದ ಒಂದು ಟ್ಯಾಂಕ್ ಔಷಧಕ್ಕಿಂತ ಅದು ಅಗ್ಗ.

ಆ್ಯಪ್ ಹೆಸರು ಹೇಳಿತು. ಮುಂದೆ?

ಆ್ಯಪ್ ಒಂದೇ ಹೆಸರು ಕೊಟ್ಟರೂ ಎರಡು ಮೂರು ಸಾಧ್ಯತೆಗಳನ್ನು ಕೊಟ್ಟರೂ, ಪ್ರತಿಯೊಂದಕ್ಕೂ ‘ಹಾಗಾದರೆ ಇನ್ನೇನು ಕಾಣಬೇಕು?’ ಎಂದು ಕೇಳಿಕೊಳ್ಳಿ. ಅದನ್ನು ಗಿಡದಲ್ಲಿ ಹುಡುಕಿ. ಸಿಕ್ಕರೆ ನಂಬಿ.

ಮುಸುಕಿನ ಜೋಳದ ಸುಳಿಯಲ್ಲಿ ತೂತು, ಮರದ ಹೊಟ್ಟಿನಂಥ ಹಿಕ್ಕೆ ಕಂಡು ಆ್ಯಪ್ ‘ಫಾಲ್ ಸೈನಿಕ ಹುಳು’ ಎಂದಿತು ಎನ್ನೋಣ. ಸುಳಿ ಬಿಡಿಸಿ ಮರಿಹುಳುವನ್ನು ಹೊರತೆಗೆಯಿರಿ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಅನುಮಾನವೇ ಬೇಡ. ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಿನಲ್ಲಿ. ಮಾಮೂಲಿ ಹುಳುವಿನಂತಿಲ್ಲವಲ್ಲ ಎಂದು ಕಣ್ಣಿಟ್ಟು ನೋಡಿದವರು ಅಲ್ಲಿನ ಕೃಷಿ ವಿಜ್ಞಾನಿಗಳು. ಊರಿಗೆ ಹೊಸದಾಗಿ ಬಂದ ಪೀಡೆಗೆ ಆ್ಯಪ್ ತನಗೆ ಗೊತ್ತಿರುವ ಹಳೆಯ ಹೆಸರನ್ನೇ ಕೊಟ್ಟುಬಿಡಬಹುದು. ಆದ್ದರಿಂದ ಫೋಟೊಗೂ ಉತ್ತರಕ್ಕೂ ತಾಳೆಯಾಗದಿದ್ದರೆ ಅದನ್ನು ತಳ್ಳಿಹಾಕಬೇಡಿ, ಕೃಷಿ ವಿಜ್ಞಾನ ಕೇಂದ್ರಕ್ಕೆ ತಿಳಿಸಿ.

ಟೊಮೆಟೊ ಅಥವಾ ಶುಂಠಿ ಗಿಡ ಸೊರಗಿದಾಗ ಫೋಟೊ ಅಷ್ಟಾಗಿ ಕೆಲಸಕ್ಕೆ ಬರುವುದಿಲ್ಲ. ನೀರಿಲ್ಲದೆ ಬಾಡಿದ ಗಿಡ, ಶಿಲೀಂಧ್ರದಿಂದ ಬಾಡಿದ ಗಿಡ, ದುಂಡಾಣುವಿನಿಂದ (ಬ್ಯಾಕ್ಟೀರಿಯಾದಿಂದ) ಬಾಡಿದ ಗಿಡ ಮೂರೂ ಚಿತ್ರದಲ್ಲಿ ಒಂದೇ. ಅದಕ್ಕೆ ಒಂದು ಗಾಜಿನ ಲೋಟ ಸಾಕು. ಬಾಡಿದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ತಿಳಿನೀರಿನಲ್ಲಿ ಅದರ ತುದಿ ಮುಳುಗುವಂತೆ ಅಲುಗಿಸದೆ ಹಿಡಿಯಿರಿ. ಕೆಲವೇ ನಿಮಿಷದಲ್ಲಿ ಹಾಲಿನಂಥ ಬಿಳಿ ಎಳೆ ಇಳಿದು ಬಂದರೆ ಅದು ದುಂಡಾಣು ಸೊರಗು ರೋಗ. ಆಗ ಶಿಲೀಂಧ್ರನಾಶಕ ಸುರಿದು ಫಲವಿಲ್ಲ. ಆ ಗಿಡವನ್ನು ಬೇರು ಸಮೇತ ಕಿತ್ತು ಹೊಲದಿಂದ ಹೊರಗೆ ಒಯ್ಯಬೇಕು.

ಹಳದಿಯಾದ ಎಲೆಯ ವಿಷಯದಲ್ಲೂ ಎಚ್ಚರ ಬೇಕು. ಕೆಳಗಿನ ಹಳೆಯ ಎಲೆಗಳಿಂದ ಹಳದಿ ಶುರುವಾದರೆ ಸಾರಜನಕದ ಕೊರತೆಯನ್ನು, ತುದಿಯ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆಯನ್ನು ಮೊದಲು ಅನುಮಾನಿಸಿ. ಒಂದೇ ಎಲೆಯ ಫೋಟೊ ನೋಡುವ ಆ್ಯಪ್‌ಗೆ ಅದು ಗಿಡದ ಮೇಲಿನದೋ ಕೆಳಗಿನದೋ ತಿಳಿಯುವುದಿಲ್ಲ. ನಿಮಗೆ ತಿಳಿದಿದೆ. ಅಡಿಕೆಯ ಹಳದಿ ಎಲೆ ರೋಗದಂಥ ದೊಡ್ಡ ಕಾಯಿಲೆಗೆ ಮಾತ್ರ ಆ್ಯಪ್‌ನ ಮಾತಿಗೆ ನಿಲ್ಲದೆ ತಜ್ಞರನ್ನು ತೋಟಕ್ಕೇ ಕರೆಸಿ.

ಮಿತ್ರರನ್ನು ಕೊಲ್ಲಬೇಡಿ

ಗುಲಗಂಜಿ ಹುಳುವಿನ ಮರಿ ಪುಟ್ಟ ಮೊಸಳೆಯಂತೆ ಕಪ್ಪಗೆ, ಮುಳ್ಳುಮುಳ್ಳಾಗಿ ಕಾಣುತ್ತದೆ. ಅದನ್ನು ನೋಡಿ ಹೆದರಿ ಔಷಧ ಹೊಡೆದವರನ್ನು ನಾನು ಬಲ್ಲೆ. ಅದು ಸಸ್ಯಹೇನುಗಳನ್ನು ತಿಂದು ಬೆಳೆ ಕಾಯುವ ಜೀವಿ. ತೆಂಗಿನ ಗರಿಯ ಕೆಳಗೆ ಬಿಳಿ ಸುರುಳಿ ಸುರುಳಿಯಾಗಿ ಮೇಣ ಮೆತ್ತುವ ರುಗೋಸ್ ಬಿಳಿನೊಣ 2016ರಿಂದ ದಕ್ಷಿಣ ಭಾರತದಲ್ಲಿ ಇದೆ. ಅದಕ್ಕೂ ವಿಜ್ಞಾನಿಗಳ ಸಲಹೆ ಕೀಟನಾಶಕ ಬೇಡ ಎಂಬುದೇ, ಏಕೆಂದರೆ ಅದರ ಮರಿಗಳೊಳಗೆ ಮೊಟ್ಟೆಯಿಟ್ಟು ಕೊಲ್ಲುವ ಎನ್‌ಕಾರ್ಸಿಯ ಎಂಬ ಪುಟ್ಟ ಪರತಂತ್ರ ಕಣಜವೂ ಅದರಿಂದ ಸಾಯುತ್ತದೆ. ಹೀಗಾಗಿ ಆ್ಯಪ್‌ನಿಂದ ಹುಳುವಿನ ಹೆಸರು ಸಿಕ್ಕ ಕೂಡಲೇ ಅದು ಏನನ್ನು ತಿನ್ನುತ್ತದೆ ಎಂಬುದನ್ನೂ ಓದಿ.

ಕಳೆ ಮತ್ತು ಹೊರಗಿನಿಂದ ಬಂದ ಗಿಡಗಳು

ಕಳೆಗೆ ಎಲೆಯೊಂದೇ ಸಾಲದು. ಹೂವು, ಕಾಯಿ, ಕಾಂಡಕ್ಕೆ ಎಲೆ ಜೋಡಿಸಿಕೊಂಡ ರೀತಿ ಎಲ್ಲವೂ ಫೋಟೊದಲ್ಲಿರಲಿ. ನಾಗರಹೊಳೆ, ಬಂಡೀಪುರ, ವಯನಾಡಿನ ಕಾಡುಗಳನ್ನು ಆವರಿಸುತ್ತಿರುವ ಸೆನ್ನಾ ಸ್ಪೆಕ್ಟಾಬಿಲಿಸ್ ಮರವನ್ನೂ ನಮ್ಮ ಕಕ್ಕೆ ಮರವನ್ನೂ ಹಳದಿ ಹೂವಿನ ಫೋಟೊ ಒಂದರಿಂದ ಬೇರ್ಪಡಿಸುವುದು ಕಷ್ಟ. ಕಕ್ಕೆಯ ಹೂಗೊಂಚಲು ಕೆಳಕ್ಕೆ ಜೋತು ಬೀಳುತ್ತದೆ, ಎಲೆಗಳು ಅಗಲ ಮತ್ತು ಕೆಲವೇ ಜೋಡಿ. ಸೆನ್ನಾದ ಗೊಂಚಲು ಮೇಲಕ್ಕೆ ನಿಲ್ಲುತ್ತದೆ, ಎಲೆಗಳು ಕಿರಿದು ಮತ್ತು ಹತ್ತಕ್ಕೂ ಹೆಚ್ಚು ಜೋಡಿ. ಗೊಂಚಲು ನಿಂತ ದಿಕ್ಕು ಗೊತ್ತಾಗುವಂತೆ ದೂರದಿಂದಲೂ ಒಂದು ಚಿತ್ರ ಬೇಕು. ಇದನ್ನು ತಪ್ಪಿದರೆ ನಾಡಿನ ಮರಕ್ಕೇ ಕೊಡಲಿ ಬೀಳುತ್ತದೆ.

ಪಾರ್ಥೇನಿಯಂ ಅನ್ನು ಗುರುತಿಸಲು ಯಾರಿಗೂ ಆ್ಯಪ್ ಬೇಡ ಎನ್ನಬಹುದು. ಹೂ ಬಿಟ್ಟ ಮೇಲೆ ಬೇಡ, ನಿಜ. ಆದರೆ ಅದನ್ನು ಕೀಳಬೇಕಾದದ್ದು ಹೂ ಬಿಡುವ ಮೊದಲು, ನೆಲಕ್ಕೆ ಅಂಟಿ ಎಲೆಗಳು ಸುತ್ತಲೂ ಹರಡಿರುವಾಗ. ಆ ವಯಸ್ಸಿನಲ್ಲಿ ಅದು ಬೇರೆ ಗಿಡದಂತೆ ಕಾಣುವುದರಿಂದ ಆಗಲೇ ಫೋಟೊ ಉಪಯೋಗಕ್ಕೆ ಬರುತ್ತದೆ. ಕೀಳುವಾಗ ಕೈಗವಸು ಹಾಕಿ, ಅದು ಚರ್ಮಕ್ಕೆ ತುರಿಕೆ ತರುತ್ತದೆ. ಅದರ ಎಲೆಯನ್ನು ಕೆನೆಬಣ್ಣದ ಮೈಮೇಲೆ ಕಂದು ಗೆರೆಗಳಿರುವ ಪುಟ್ಟ ದುಂಬಿ ತಿನ್ನುತ್ತಿದ್ದರೆ ಆ ಗಿಡವನ್ನು ಅದಕ್ಕೇ ಬಿಟ್ಟುಬಿಡಿ. 1980ರ ದಶಕದಲ್ಲಿ ಮೆಕ್ಸಿಕೊದಿಂದ ಬೆಂಗಳೂರಿಗೆ ತರಿಸಿ ಬಿಡುಗಡೆ ಮಾಡಿದ ಈ ದುಂಬಿಯ ಮುಖ್ಯ ಆಹಾರ ಪಾರ್ಥೇನಿಯಂ.

ಔಷಧ ಕೊಳ್ಳುವ ಮುನ್ನ

ಕೆಲವು ಆ್ಯಪ್‌ಗಳು ರೋಗದ ಹೆಸರಿನ ಜೊತೆಗೇ ರಾಸಾಯನಿಕದ ಹೆಸರನ್ನೂ ಹೇಳುತ್ತವೆ. ಅಲ್ಲಿ ನಿಲ್ಲಿ. ಆ ಔಷಧಕ್ಕೆ ನಿಮ್ಮ ಬೆಳೆಯಲ್ಲಿ ಬಳಸಲು ಅನುಮತಿ ಇದೆಯೇ, ಸಿಂಪಡಿಸಿದ ಎಷ್ಟು ದಿನದ ಮೇಲೆ ಕೊಯ್ಲು ಮಾಡಬಹುದು ಎಂಬುದನ್ನು ಡಬ್ಬಿಯ ಚೀಟಿಯಲ್ಲಿ ನೋಡಿ. ಚೀಟಿಯ ಬಣ್ಣದ ತ್ರಿಕೋನ ಕೆಂಪಾಗಿದ್ದರೆ ಅತಿ ವಿಷ. ಹಳದಿ, ನೀಲಿ, ಹಸಿರು ಎಂದು ತೀವ್ರತೆ ಇಳಿಯುತ್ತದೆ. ಅನುಮಾನ ಉಳಿದರೆ ಕಿಸಾನ್ ಕಾಲ್ ಸೆಂಟರ್‌ನ 1800-180-1551ಕ್ಕೆ ಕರೆ ಮಾಡಿ; ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗುವುದಾದರೆ ಮೂರೂ ಫೋಟೊಗಳ ಜೊತೆ ಬೇರುಸಹಿತ ಒಂದು ಗಿಡವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆತರೆ ಯಾರಿಗೂ ಏನೂ ಕಾಣುವುದಿಲ್ಲ.

ಮೊದಲ ದಿನ ಫೋಟೊ ತೆಗೆದ ಗಿಡಕ್ಕೆ ಬಣ್ಣದ ದಾರ ಕಟ್ಟಿ ಬನ್ನಿ. ನಾಲ್ಕು ದಿನ ಬಿಟ್ಟು ಅದೇ ಗಿಡದ, ಅದೇ ಕೊಂಬೆಯ ಫೋಟೊ ಮತ್ತೆ ತೆಗೆದು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ. ಹೊಸ ಚಿಗುರು ನೆಟ್ಟಗೆ ಬರುತ್ತಿದ್ದರೆ ಪಂಪನ್ನು ಮತ್ತೆ ಎತ್ತುವ ಅಗತ್ಯವಿಲ್ಲ.